ಮೇಯೋ ಕ್ಲಿನಿಕ್‌ಗೆ ಮೊದಲ ಸಲ ಹೋಗ್ತಿರೋ ನಮ್ಮವರಿಗೆ: ಹೊರಡೋಕೆ ಮುಂಚೆ ಏನೇನು ಮಾಡ್ಕೋಬೇಕು

ಅಮೆರಿಕಾದಲ್ಲಿ ನಿಮ್ಮನ್ನ ನೋಡೋ ಡಾಕ್ಟ್ರು "ನಿಮ್ಮನ್ನ ಮೇಯೋಗೆ ಕಳಿಸ್ತೀನಿ" ಅಂದ ತಕ್ಷಣ ನಮ್ಮ ಜನ ಮೊದಲು ಮಾಡೋ ಕೆಲ್ಸ ಹೋಟೆಲ್ ಹುಡುಕೋದು. ಅದು ಕೊನೇಲಿ ಮಾಡಿದ್ರೂ ನಡೆಯುತ್ತೆ. ನಾನಿರೋದು ಅಯೋವಾದಲ್ಲಿ, ಇಲ್ಲಿಂದ ಮೇಯೋ ಅನ್ನೋ ಈ ದೊಡ್ಡ ಆಸ್ಪತ್ರೆ ಇರೋ ಮಿನೆಸೋಟಾದ ರಾಚೆಸ್ಟರ್‌ಗೆ ಕಾರಲ್ಲಿ ಮೂರು ಚಿಲ್ಲರೆ ಗಂಟೆ, ಹಾಗಾಗಿ ಈ ಕಡೆ ಹೊಸದಾಗಿ ಬಂದವರು ಯಾರಿಗಾದ್ರೂ ರೆಫರಲ್ ಸಿಕ್ಕಿದ್ರೆ ಫೋನ್ ನಮಗೇ ಬರುತ್ತೆ, ಎಲ್ಲರಿಗೂ ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೀತಿದೀನಿ. ಅಲ್ಲಿನ ಸ್ಪೆಷಲಿಸ್ಟ್‌ಗೆ ನೀವು ಯಾರು ಅಂತ ಗೊತ್ತಿರಲ್ಲ, ನಿಮ್ಮ ಹತ್ತು ವರ್ಷದ ಕಥೆಯನ್ನ ಒಂದು ಭೇಟೀಲಿ ಹಿಡೀಬೇಕು, ಅದಕ್ಕೆ ಅವರಿಗಿರೋದು ನೀವು ತಂದ ಕಾಗದ ಮತ್ತೆ ಪೇಷೆಂಟ್ ಬಾಯಲ್ಲಿ ಬರೋ ಮಾತು, ಅಷ್ಟೇ. ಅವೆರಡೂ ಸರಿ ಇದ್ರೆ ಹೋಗಿದ್ದು ಸಾರ್ಥಕ.

ಮೊದಲು ಇನ್ಶೂರೆನ್ಸ್. ಕಾರ್ಡ್ ಹಿಂದೆ ಇರೋ ನಂಬರ್‌ಗೆ ನೀವೇ ಫೋನ್ ಮಾಡಿ. "ಮೇಯೋ ಕವರ್ ಆಗುತ್ತಾ" ಅಂತ ಕೇಳಿದ್ರೆ ಸಾಲದು, ಅವರದ್ದು ಅರಿಜೋನಾದಲ್ಲೂ ಫ್ಲೋರಿಡಾದಲ್ಲೂ ಇದೆ, ರಾಚೆಸ್ಟರ್‌ದು ನನ್ನ ಪ್ಲಾನ್‌ಗೆ ಇನ್-ನೆಟ್‌ವರ್ಕಾ (ಅಂದ್ರೆ ಇನ್ಶೂರೆನ್ಸ್ ಕಂಪನಿ ಜೊತೆ ಒಪ್ಪಂದ ಇರೋ ಆಸ್ಪತ್ರೆನಾ) ಅಂತಾನೇ ಕೇಳ್ಬೇಕು, ಪ್ರಯರ್ ಆಥರೈಸೇಶನ್, ಅಂದ್ರೆ ಇನ್ಶೂರೆನ್ಸ್‌ನವರ ಮುಂಗಡ ಒಪ್ಪಿಗೆ ಬೇಕಾ, ಬೇಕಿದ್ರೆ ಬರೀ ಕನ್ಸಲ್ಟೇಶನ್‌ಗಾ ಅಥವಾ ಅಲ್ಲಿ ಬರೆಯೋ ಸ್ಕ್ಯಾನ್‌ಗೂ ಬೇಕಾ ಅಂತ ಕೇಳಿ, ಮಾತಾಡಿದವರ ಹೆಸರು ಮತ್ತೆ ಕಾಲ್ ರೆಫರೆನ್ಸ್ ನಂಬರ್ ಬರ್ಕೊಳ್ಳಿ. ಎಚ್‌ಎಂಒ ಪ್ಲಾನ್ (ನೆಟ್‌ವರ್ಕ್ ಹೊರಗಿನ ಖರ್ಚು ಸಾಮಾನ್ಯವಾಗಿ ಕೊಡದ ಪ್ಲಾನ್) ಇದ್ದವರು ಇದನ್ನ ಕೇಳದೆ ಹೆಜ್ಜೆ ಇಡ್ಬೇಡಿ. ವರ್ಷಕ್ಕೆ ನಿಮ್ಮ ಕೈಯಿಂದ ಹೋಗೋ ಹಣಕ್ಕೆ ಕಾನೂನಿನ ಮಿತಿ ಇದೆ ನಿಜ, 2025ರಲ್ಲಿ ಹೆಚ್ಚಿನ ಪ್ಲಾನ್‌ಗಳಿಗೆ ಒಬ್ಬರಿಗೆ 9,200 ಡಾಲರ್, ಫ್ಯಾಮಿಲಿಗೆ 18,400 ಇತ್ತು, ಆದ್ರೆ ಅದು ಇನ್-ನೆಟ್‌ವರ್ಕ್ ಖರ್ಚಿಗೆ ಮಾತ್ರ. ಇನ್ನೊಂದು, ಹೆಚ್ಚಿನ ಪ್ಲಾನ್‌ಗಳ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡೋಕೆ ಶುರು ಮಾಡೋ ಮುಂಚೆ ನೀವು ಕಟ್ಟೋ ಮೊತ್ತ) ಜನವರಿ 1ಕ್ಕೆ ಮತ್ತೆ ಸೊನ್ನೆಯಿಂದ ಶುರು. ಡಿಸೆಂಬರ್ ಕೊನೇಲಿ ಟೆಸ್ಟು, ಜನವರೀಲಿ ಆಪರೇಶನ್ನು ಅಂದ್ರೆ ಎರಡು ಸಲ ಕಟ್ಟಿದ ಹಾಗೆ, ತುರ್ತು ಇಲ್ಲದಿದ್ರೆ ಡೇಟ್ ಇಟ್ಕೊಳ್ಳೋವಾಗ ಇದನ್ನೂ ಯೋಚ್ನೆ ಮಾಡಿ.

ಊರಿಂದ ಬಂದಿರೋ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರ ಲೆಕ್ಕ ಬೇರೆ. ವಿಸಿಟರ್ ಇನ್ಶೂರೆನ್ಸ್ ಅನ್ನೋದು ಹಳೇ ಕಾಯಿಲೆಗೆ ಸಾಮಾನ್ಯವಾಗಿ ಬರಲ್ಲ, ಏನಿದ್ರೂ ದಿಢೀರ್ ಅಂತ ಆಗಿದ್ದಕ್ಕೆ. ಕೈಯಿಂದ ಕಟ್ಟೋದಾದ್ರೆ ಮುಂಚೆನೇ ಅಂದಾಜು ಖರ್ಚು ಬರೆದು ಕೊಡಿ ಅಂತ ಕೇಳೋ ಹಕ್ಕು 2022ರಿಂದ ನಿಮಗಿದೆ, ಗುಡ್ ಫೇತ್ ಎಸ್ಟಿಮೇಟ್ ಅಂತಾರೆ, ಬಿಲ್ಲು ಅದಕ್ಕಿಂತ 400 ಡಾಲರೋ ಅದಕ್ಕೂ ಮೇಲೋ ಬಂದ್ರೆ ತಕರಾರು ಹಾಕ್ಬಹುದು. ಆ ಕಾಗದ ಜೋಪಾನ.

ಈಗ ರೆಕಾರ್ಡ್ಸ್. ಹೆಚ್ಚು ಜನ ಎಡವೋದು ಇಲ್ಲೇ. "ಹಾಸ್ಪಿಟಲ್‌ನವರೇ ಫ್ಯಾಕ್ಸ್ ಮಾಡ್ತಾರಂತೆ" ಅಂತ ಸುಮ್ಮನಿರ್ಬೇಡಿ, ಫ್ಯಾಕ್ಸಲ್ಲಿ ಬರೋದು ರಿಪೋರ್ಟು, ಅಂದ್ರೆ ಯಾರೋ ಚಿತ್ರ ನೋಡಿ ಬರೆದಿದ್ದು. ಸ್ಪೆಷಲಿಸ್ಟ್‌ಗೆ ಬೇಕಿರೋದು ಚಿತ್ರನೇ. ನಮ್ಮ ಪಕ್ಕದ ಮನೆ ಆಂಟಿ ಎಂಆರ್‌ಐ ರಿಪೋರ್ಟು ಎರಡು ಪುಟ ಹಿಡ್ಕೊಂಡು ಹೋದ್ರು, ಇಲ್ಲಿನ ಇಮೇಜಿಂಗ್ ಸೆಂಟರ್‌ನವರು ಕಳಿಸ್ತೀವಿ ಅಂದಿದ್ದ ಇಮೇಜಸ್ ಹೋಗೇ ಇರ್ಲಿಲ್ಲ, ಅಲ್ಲಿ ಮತ್ತೆ ಎಂಆರ್‌ಐ ಮಾಡ್ಸಿದ್ರು, ಮತ್ತೆ ಬಿಲ್ಲು. ಅದಕ್ಕೇ ಸಿಡಿ ಕೈಗೆ ತಗೊಳ್ಳಿ, ಮನೇಲಿ ಒಂದು ಸಲ ಹಾಕಿ ತೆರ್ಕೊಳ್ಳುತ್ತಾ ನೋಡಿ. ಬಯಾಪ್ಸಿ ಆಗಿದ್ರೆ ಸ್ಲೈಡ್ ಮತ್ತೆ ಬ್ಲಾಕ್‌ನ (ಆಗ ತೆಗೆದ ತುಣುಕಿನ ಸ್ಯಾಂಪಲ್) ಅಲ್ಲಿನ ಪೆಥಾಲಜಿಗೆ ಕಳಿಸ್ಬೇಕಾ ಅಂತ ಅಪಾಯಿಂಟ್‌ಮೆಂಟ್ ಡೆಸ್ಕ್‌ನವರನ್ನ ಕೇಳಿ, ಅದಕ್ಕೆ ದಿನ ಹಿಡಿಯುತ್ತೆ. ಅಮೆರಿಕಾದ ಆಸ್ಪತ್ರೆಗೆ ನಿಮ್ಮ ರೆಕಾರ್ಡ್ ಕೊಡೋಕೆ ಕಾನೂನು 30 ದಿನ ಟೈಮ್ ಕೊಟ್ಟಿದೆ, ಹಾಗಾಗಿ ಹಿಂದಿನ ವಾರ ಕೇಳಿದ್ರೆ ಆಗ್ಲಿಲ್ಲ.

ಊರಿನ ರೆಕಾರ್ಡ್ ಬೇಕಿದ್ರೆ ಅಣ್ಣನೋ ತಂಗಿನೋ ಯಾರಾದ್ರೂ ಆಸ್ಪತ್ರೆಗೆ ಹೋಗಿ ಬರವಣಿಗೇಲಿ ಅರ್ಜಿ ಕೊಡ್ಲಿ. ಇಂಡಿಯಾದಲ್ಲಿ ಅರ್ಜಿ ಕೊಟ್ಟ 72 ಗಂಟೇಲಿ ಕೊಡ್ಬೇಕು ಅಂತ 2002ರ ಮೆಡಿಕಲ್ ಕೌನ್ಸಿಲ್ ನಿಯಮ ಇದೆ, ಆದ್ರೆ ಅಡ್ಮಿಟ್ ಆಗಿದ್ದವರ ರೆಕಾರ್ಡ್ ಇಟ್ಕೋಬೇಕು ಅಂತ ಹೇಳಿರೋದು 3 ವರ್ಷ ಮಾತ್ರ, ಹಳೇದು ಸಿಗದೇನೂ ಇರ್ಬಹುದು. ಆಗ ಮನೇಲಿರೋ ಡಿಸ್ಚಾರ್ಜ್ ಸಮರಿನೇ ಗತಿ, ಅಮ್ಮಂದಿರ ಗಾಡ್ರೇಜ್ ಬೀರುವಿನಲ್ಲಿ ಸೀರೆ ಕೆಳಗೆ ಪ್ಲಾಸ್ಟಿಕ್ ಕವರಲ್ಲಿ ಇರುತ್ತಲ್ಲ, ಅದನ್ನ ಫೋಟೋ ಅಲ್ಲ, ಸ್ಕ್ಯಾನ್ ಮಾಡಿ ಕಳ್ಸೋಕೆ ಹೇಳಿ.

ತಾರೀಖು ನೋಡ್ಕೊಳ್ಳಿ. ನಮ್ಮ ಲ್ಯಾಬ್‌ನವರು 05/08/2023 ಅಂತ ಬರೆದ್ರೆ ಆಗಸ್ಟ್ 5, ಇಲ್ಲಿಯವರು ಓದೋದು ಮೇ 8. ಔಷಧಿ ಶುರು ಮಾಡಿದ್ದು ಮುಂಚೆನೋ ಆಮೇಲೋ ಅನ್ನೋದೇ ತಿರುಗಾಮುರುಗಾ ಆಗುತ್ತೆ. ತಿಂಗಳ ಹೆಸರನ್ನ ಪಕ್ಕದಲ್ಲಿ ಪೆನ್ನಲ್ಲಿ ಬರೆದುಬಿಡಿ. ಹೆಸರಿಂದೂ ಅದೇ ಕಥೆ, ಊರಲ್ಲಿ ಕೆ. ಎಸ್. ಮಂಜುನಾಥ, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಸರ್‌ನೇಮ್, ವೀಸಾದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್), ಇನ್ಶೂರೆನ್ಸಲ್ಲಿ ಇನ್ನೊಂದು. ಇನ್ಶೂರೆನ್ಸ್ ಕಾರ್ಡಲ್ಲಿ ಹೇಗಿದೆಯೋ ಹಾಗೇ ರಿಜಿಸ್ಟರ್ ಮಾಡ್ಸಿ, ಹಳೇ ರಿಪೋರ್ಟಿನ ಹೆಸರೂ ಇದೇ ವ್ಯಕ್ತೀದು ಅಂತ ಮೊದಲೇ ಹೇಳಿ.

ಇಷ್ಟು ಕಟ್ಟು ಯಾರೂ ಕೂತು ಓದಲ್ಲ, ಅದಕ್ಕೆ ಮೇಲೆ ಒಂದೇ ಒಂದು ಪುಟ ನೀವು ಬರೀಬೇಕು. ಯಾವಾಗ ಶುರುವಾಯ್ತು, ಆಮೇಲೆ ಏನಾಯ್ತು, ಯಾವ ಟೆಸ್ಟು, ಯಾವ ಔಷಧಿ ಕೊಟ್ರು, ಕೊಟ್ಟಾಗ ಏನಾಯ್ತು, ವರ್ಷ ತಿಂಗಳ ಸಮೇತ. ಕೊನೇಲಿ ನಿಮ್ಮ ಮೂರು ಪ್ರಶ್ನೆ. ಔಷಧೀನ ಬ್ರ್ಯಾಂಡ್ ಹೆಸರಲ್ಲಿ ಬರೆದ್ರೆ ಉಪಯೋಗ ಇಲ್ಲ, ಎಲ್ಟ್ರಾಕ್ಸಿನ್, ಟೆಲ್ಮಾ, ಎಕೋಸ್ಪ್ರಿನ್ ಅಂದ್ರೆ ಅಲ್ಲಿ ತಿಳಿಯಲ್ಲ, ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿ ಲೆವೋಥೈರಾಕ್ಸಿನ್, ಟೆಲ್ಮಿಸಾರ್ಟಾನ್, ಆಸ್ಪಿರಿನ್ ಅಂತ ಇರುತ್ತೆ ನೋಡಿ, ಅದನ್ನ ಎಷ್ಟು ಮಿಲಿಗ್ರಾಮ್ ಅನ್ನೋದರ ಜೊತೆ ಬರೀರಿ. ಸ್ಟ್ರಿಪ್‌ಗಳನ್ನೂ ತಗೊಂಡು ಹೋಗಿ.

ಕಷಾಯ, ಲೇಹ್ಯ, ಚೂರ್ಣ ಕೂಡ ಬರೀರಿ, ದಯವಿಟ್ಟು. "ಅದೇನು ಔಷಧೀನಾ" ಅಂತ ಬಿಟ್ಟುಬಿಡ್ತಾರೆ. ಅಮೃತಬಳ್ಳಿ ತಗೊಂಡು ಲಿವರ್ ಕೆಟ್ಟ ಕೇಸುಗಳನ್ನ 2021ರಲ್ಲಿ ಮುಂಬೈ ಡಾಕ್ಟರುಗಳೇ ಬರೆದಿದಾರೆ, ಅಶ್ವಗಂಧ ಥೈರಾಯ್ಡ್ ಲೆಕ್ಕ ಏರುಪೇರು ಮಾಡ್ಬಹುದು, ಕೆಲವು ಭಸ್ಮಗಳಲ್ಲಿ ಸೀಸ ಇರುತ್ತೆ. ಯಾರೂ ಬೈಯಲ್ಲ, ಆದ್ರೆ ಗೊತ್ತಿಲ್ಲದಿದ್ರೆ ಕಾರಣ ಹುಡುಕೋಕೆ ಇಲ್ಲದ ಟೆಸ್ಟೆಲ್ಲಾ ಮಾಡಿಸ್ತಾರೆ. ಸಣ್ಣಗಿದ್ದಾಗ ಬಿಸಿಜಿ, ಅಂದ್ರೆ ಟಿಬಿ ಲಸಿಕೆ ಹಾಕಿಸಿದ್ದನ್ನೂ ಹೇಳಿ, ಇಲ್ಲದಿದ್ರೆ ಟಿಬಿ ಸ್ಕಿನ್ ಟೆಸ್ಟ್ ಊದ್ಕೊಂಡು ಗಾಬರಿ ಆಗುತ್ತೆ, ಅದಕ್ಕೆ ರಕ್ತದ ಟೆಸ್ಟ್ ಬೇರೆ ಇದೆ.

ವಂಶದಲ್ಲಿ ಯಾರಿಗೆ ಏನಿತ್ತು ಅಂತ ಕೇಳ್ತಾರೆ, ನ್ಯೂರಾಲಜಿ, ಜೆನೆಟಿಕ್ಸ್ ಕಡೆ ಹೋದ್ರೆ ಅಪ್ಪ ಅಮ್ಮ ಸಂಬಂಧಿಕರಾ ಅಂತಾನೂ ಕೇಳ್ಬಹುದು. ನಮ್ಮ ಕಡೆ ಸೋದರಮಾವನ್ನ ಮದುವೆ ಆಗಿರೋದು, ಅತ್ತೆ ಮಗಳನ್ನ ತಂದಿರೋದು ಇದ್ದಿದ್ದೇ, ಮುಜುಗರ ಪಟ್ಕೊಂಡು "ದೂರದ ಸಂಬಂಧ" ಅಂತ ತೇಲಿಸ್ಬೇಡಿ, ಯಾವ ಟೆಸ್ಟ್ ಮಾಡ್ಬೇಕು ಅನ್ನೋದೇ ಅದರ ಮೇಲೆ ನಿಂತಿರುತ್ತೆ. ಹೊರಡೋ ಮುಂಚೆ ಊರಿನ ದೊಡ್ಡಮ್ಮನಿಗೆ ಒಂದು ಫೋನ್ ಮಾಡಿ, ಯಾರು ಎಷ್ಟನೇ ವಯಸ್ಸಲ್ಲಿ ಹೋದ್ರು, ಯಾತಕ್ಕೆ ಅಂತ ಅವರಿಗೆ ಗೊತ್ತಿರೋಷ್ಟು ಯಾವ ಕಂಪ್ಯೂಟರ್‌ಗೂ ಗೊತ್ತಿರಲ್ಲ.

ರೂಮಲ್ಲಿ ಮಾತಾಡೋದು ಯಾರು? ಪೇಷೆಂಟ್. ಅಮ್ಮನ್ನ ಕೇಳಿದ್ದಕ್ಕೆ ಮಗ ಉತ್ತರ ಹೇಳೋದು, ಅಮ್ಮ ಪಕ್ಕದಲ್ಲಿ ಕೂತು ತಲೆ ಆಡ್ಸೋದು ನಮ್ಮಲ್ಲಿ ಮಾಮೂಲು, ಇಲ್ಲಿ ಅದು ನಡೆಯಲ್ಲ, ನಡೆದ್ರೂ ಒಳ್ಳೇದಲ್ಲ. ಅಪಾಯಿಂಟ್‌ಮೆಂಟ್ ತಗೊಳ್ಳೋವಾಗಲೇ ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಹೇಳಿ, ಇಂಡಿಯಾ ಅಂದ ಕೂಡ್ಲೆ ಹಿಂದಿ ಅಂತ ಹಾಕ್ಬಿಡಬಹುದು, ಆಮೇಲೆ ಮಂಡ್ಯದ ಅಜ್ಜಿಗೆ ಹಿಂದಿಯವರು ಬಂದು ಕೂರ್ತಾರೆ. ಸರ್ಕಾರದ ದುಡ್ಡು ತಗೊಳ್ಳೋ ಆಸ್ಪತ್ರೆಗಳು ಇದನ್ನ ಪುಕ್ಕಟೆ ಕೊಡ್ಲೇಬೇಕು, ಎದುರಿಗೆ ಸಿಗದಿದ್ರೆ ಫೋನೋ ವಿಡಿಯೋನೋ. ನೀವು ಇಂಗ್ಲಿಷ್ ಚೆನ್ನಾಗಿ ಬಲ್ಲವರಾದ್ರೂ ಅಮ್ಮನಿಗೆ ಇಂಟರ್‌ಪ್ರಿಟರ್ ಇರ್ಲಿ, ಮಗನ ಮುಂದೆ ಹೇಳದೇ ಇದ್ದಿದ್ದನ್ನ ಗೊತ್ತಿಲ್ಲದವರ ಹತ್ರ ಹೇಳ್ತಾರೆ.

ನೋವು ಸೊನ್ನೆಯಿಂದ 10ರಲ್ಲಿ ಎಷ್ಟು ಅಂತ ಕೇಳ್ತಾರೆ. ನಮ್ಮ ಹೆಂಗಸರು ರಾತ್ರಿ ನಿದ್ದೆ ಇಲ್ಲದೆ ಒದ್ದಾಡಿರ್ತಾರೆ, ಕೇಳಿದ್ರೆ "ಪರವಾಗಿಲ್ಲ, ಎರಡು" ಅಂತಾರೆ. ಮನೇಲೇ ಪ್ರಾಕ್ಟೀಸ್ ಮಾಡ್ಸಿ, ನಂಬರ್ ಬಿಟ್ಟು ಏನು ಮಾಡೋಕೆ ಆಗ್ತಿಲ್ಲ ಅಂತ ಹೇಳೋಕೆ ಹೇಳಿ, ಮೆಟ್ಟಿಲು ಹತ್ತೋಕೆ ಆಗಲ್ಲ, ಚಪಾತಿ ಲಟ್ಟಿಸೋಕೆ ಕೈ ಏಳಲ್ಲ, ಹಾಗೆ. ಗ್ಯಾಸ್ಟ್ರಿಕ್ ಅನ್ನೋ ಒಂದೇ ಮಾತಲ್ಲಿ ಎದೆ ಉರಿ, ಹೊಟ್ಟೆ ಉಬ್ಬರ, ಎದೆ ನೋವು ಎಲ್ಲಾ ಸೇರಿಸ್ಬೇಡಿ, ಬಿಡಿಸಿ ಹೇಳ್ಲಿ.

ಇನ್ನೊಂದು ಕಷ್ಟದ ವಿಷಯ. ಊರಲ್ಲಿ ದೊಡ್ಡ ಕಾಯಿಲೆ ಅಂದ್ರೆ ಡಾಕ್ಟ್ರು ಮಗನ್ನ ಹೊರಗೆ ಕರೆದು ಹೇಳ್ತಾರೆ, ಅಪ್ಪನಿಗೆ ಗೊತ್ತಾಗ್ಬಾರ್ದು ಅಂತ ಮನೆಯವರೆಲ್ಲಾ ಒಂದಾಗ್ತಾರೆ. ಇಲ್ಲಿ ಪೇಷೆಂಟ್‌ಗೇ ನೇರ ಹೇಳ್ತಾರೆ, ನಿಮಗೆ ಹೇಳೋಕೆ ಪೇಷೆಂಟ್ ಒಪ್ಪಿಗೆ ಬೇಕು. ಅದಕ್ಕೆ ಮುಂಚೆನೇ ಅಪ್ಪನ್ನ ಕೇಳಿ, ಎಲ್ಲಾ ತಿಳ್ಕೋಬೇಕಾ, ಇಲ್ಲ ಮಗಳಿಗೆ ಹೇಳಿ ಅಂತೀರಾ ಅಂತ, ಅವರು ಹಾಗೆ ಬಯಸಿದ್ರೆ ಅವರ ಬಾಯಲ್ಲೇ ಡಾಕ್ಟ್ರಿಗೆ ಹೇಳ್ಲಿ, ಗೌರವಿಸ್ತಾರೆ. 2021ರ ಏಪ್ರಿಲ್‌ನಿಂದ ರಿಸಲ್ಟ್‌ಗಳು ತಡ ಇಲ್ಲದೆ ಆಸ್ಪತ್ರೆಯ ಆನ್‌ಲೈನ್ ಪೋರ್ಟಲ್‌ಗೆ ಬರ್ಬೇಕು ಅಂತ ನಿಯಮ ಇರೋದ್ರಿಂದ ಡಾಕ್ಟ್ರು ನೋಡೋ ಮುಂಚೆನೇ ನಿಮ್ಮ ಫೋನಲ್ಲಿ ಪೆಥಾಲಜಿ ರಿಪೋರ್ಟ್ ಟಣ್ ಅಂತ ಬಂದು ಕೂರ್ಬಹುದು. ತೆರೀಬೇಕಾ ಬೇಡ್ವಾ ಅಂತ ಮೊದಲೇ ತೀರ್ಮಾನ ಮಾಡ್ಕೊಳ್ಳಿ, ರಾತ್ರಿ ಹನ್ನೊಂದಕ್ಕೆ ಹೋಟೆಲ್ ರೂಮಲ್ಲಿ ಗೂಗಲ್ ಮಾಡ್ಕೊಂಡು ಕೂರೋದು ಬೇಡ.

ಟೆಸ್ಟಿನ ದಿನ ಫಾಸ್ಟಿಂಗ್ ಅಂದ್ರೆ ನಮ್ಮ ಏಕಾದಶಿ ಉಪವಾಸ ಅಲ್ಲ, ಹಾಲು ಹಾಕಿದ ಕಾಫಿನೂ ಇಲ್ಲ, ಹಣ್ಣೂ ಇಲ್ಲ, ನೀರು ಕುಡೀಬಹುದಾ ಅನ್ನೋದು ಟೆಸ್ಟಿನ ಮೇಲೆ, ಕಾಗದದಲ್ಲಿ ಬರೆದಿರುತ್ತೆ. ಮೆಟ್‌ಫಾರ್ಮಿನ್, ಇನ್ಸುಲಿನ್, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ನೀವೇ ನಿಲ್ಲಿಸ್ಬೇಡಿ, ಫೋನ್ ಮಾಡಿ ಕೇಳಿ. ಎಂಆರ್‌ಐ ಇದ್ರೆ ಒಡವೆ ಎಲ್ಲಾ ತೆಗೀಬೇಕು. ತಾಳಿ ಕಾಲುಂಗುರ ಹೇಗೋ ಬರುತ್ತೆ, ತೊಂದ್ರೆ ಕೊಡೋದು ಮೂಗುಬೊಟ್ಟು. ಇಪ್ಪತ್ತು ವರ್ಷದಿಂದ ತೆಗೆಯದೇ ತಿರುಪು ಕಚ್ಕೊಂಡಿರುತ್ತೆ, ಅಲ್ಲಿ ಟೆಕ್ನಿಶಿಯನ್ ಕೈಗವಸು ಹಾಕ್ಕೊಂಡು ತಿರುಗಿಸೋಕೆ ಹೋಗಿ ಜಾರಿ, ಅತ್ತೆ ಕಣ್ಣಲ್ಲಿ ನೀರು. ವಾರ ಮುಂಚೆ ಮನೇಲಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು ಸಡಿಲ ಮಾಡಿಟ್ಕೊಳ್ಳಿ. ಸೀರೆಗಿಂತ ಸಲ್ವಾರೋ ಸಡಿಲ ಪ್ಯಾಂಟೋ ವಾಸಿ.

ಇನ್ನು ಪ್ರಯಾಣ. ಮಿನಿಯಾಪೊಲಿಸ್ ಏರ್‌ಪೋರ್ಟಿಂದ ರಾಚೆಸ್ಟರ್ ಸುಮಾರು 80 ಮೈಲಿ, ಶಟಲ್ ಸಿಗುತ್ತೆ, ರಾಚೆಸ್ಟರಲ್ಲೇ ಸಣ್ಣ ಏರ್‌ಪೋರ್ಟೂ ಇದೆ. ಚಳಿಗಾಲದಲ್ಲಿ ಐ-35, ಐ-90 ಎರಡೂ ಹಿಮಗಾಳಿಗೆ ಮುಚ್ಚಿಬಿಡೋದುಂಟು, ರಸ್ತೆ ಸ್ಥಿತಿ ತಿಳಿಸೋ 511 ನೋಡ್ಕೊಂಡು ಹೊರಡಿ, ಅಪಾಯಿಂಟ್‌ಮೆಂಟಿನ ಹಿಂದಿನ ದಿನವೇ ತಲುಪಿ. ವಾಪಸ್ ಟಿಕೆಟ್ ಬದಲಾಯಿಸೋ ಹಾಗಿರ್ಲಿ, ಯಾಕಂದ್ರೆ ಮೊದಲ ಭೇಟಿ ಆದ್ಮೇಲೆ ಡಾಕ್ಟ್ರು ಮತ್ತೆ ಟೆಸ್ಟು, ಇನ್ನೊಬ್ಬ ಸ್ಪೆಷಲಿಸ್ಟು ಅಂತ ಸೇರಿಸ್ತಾ ಹೋದ್ರೆ ಎರಡು ದಿನದ್ದು ವಾರಕ್ಕೂ ಎಳೆಯುತ್ತೆ. ಡೌನ್‌ಟೌನಲ್ಲಿ ಗೊಂಡಾ ಬಿಲ್ಡಿಂಗ್, ಮೇಯೋ ಬಿಲ್ಡಿಂಗ್, ಹತ್ತಿರದ ಹಲವು ಹೋಟೆಲ್‌ಗಳು ನೆಲದಡಿಯ ದಾರಿ ಮತ್ತೆ ಸ್ಕೈವೇಲಿ ಸೇರ್ಕೊಂಡಿವೆ, ಮೈನಸ್ 20ರಲ್ಲೂ ಕೋಟಿಲ್ಲದೆ ಓಡಾಡ್ಬಹುದು. ಸೇಂಟ್ ಮೇರೀಸ್ ಆಸ್ಪತ್ರೆ ಸ್ವಲ್ಪ ದೂರ, ಶಟಲ್ ಬಸ್ಸಿದೆ. (ಆ ಆಸ್ಪತ್ರೆ 1883ರ ಸುಂಟರಗಾಳಿ ಊರನ್ನ ಹಾಳು ಮಾಡಿದ್ಮೇಲೆ ಕ್ರೈಸ್ತ ಸನ್ಯಾಸಿನಿಯರು ಹಟ ಹಿಡಿದು 1889ರಲ್ಲಿ ತೆರೆದಿದ್ದು, ಜೋಳದ ಹೊಲದ ಮಧ್ಯೆ ಇಷ್ಟು ದೊಡ್ಡ ಆಸ್ಪತ್ರೆ ಯಾಕಿದೆ ಅಂತ ಎಲ್ಲರೂ ಕೇಳ್ತಾರೆ.) ಉಳ್ಕೊಳ್ಳೋಕೆ ಕ್ಯಾನ್ಸರ್ ಚಿಕಿತ್ಸೆಗೆ ಬಂದವರಿಗೆ ಹೋಪ್ ಲಾಡ್ಜ್, ಟ್ರಾನ್ಸ್‌ಪ್ಲಾಂಟ್‌ಗೆ ಗಿಫ್ಟ್ ಆಫ್ ಲೈಫ್, ಮಕ್ಕಳಿದ್ರೆ ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್ ಇವೆ, ಸೋಶಿಯಲ್ ವರ್ಕರ್ ಹತ್ರ ವಿಚಾರಿಸಿ.

ಹೋಟೆಲಲ್ಲಿ ಕಿಚನ್ ಇರೋ ರೂಮ್ ತಗೊಳ್ಳಿ, ಸಣ್ಣ ರೈಸ್ ಕುಕ್ಕರ್, ಅವಲಕ್ಕಿ, ಚಟ್ನಿಪುಡಿ, ಎಂಟಿಆರ್ ಪ್ಯಾಕೆಟ್ ಇದ್ರೆ ಹಿರಿಯರಿಗೆ ಸಾಕು, ಮೊಸರು ಅಲ್ಲೇ ಸಿಗುತ್ತೆ. ಒಗ್ಗರಣೆ ಮಾತ್ರ ಮನೆಯಿಂದ್ಲೇ ಹಾಕ್ಕೊಂಡು ಹೋಗಿ, ಸಾಸಿವೆ ಸಿಡಿದ ಹೊಗೆಗೆ ಅಲಾರ್ಮ್ ಹೊಡ್ಕೊಂಡ್ರೆ ಇಡೀ ಫ್ಲೋರಿನ ಪೇಷೆಂಟ್‌ಗಳು ಆಚೆ ಬರ್ಬೇಕಾಗುತ್ತೆ.

ಜೊತೆಗೆ ಹೋಗೋರ ರಜ. 50 ಜನವೋ ಅದಕ್ಕಿಂತ ಹೆಚ್ಚೋ ಇರೋ ಕಂಪನೀಲಿ 12 ತಿಂಗಳು ಕೆಲ್ಸ ಮಾಡಿದವರಿಗೆ ಎಫ್‌ಎಂಎಲ್‌ಎ ಅಂತ ವರ್ಷಕ್ಕೆ 12 ವಾರ ಸಂಬಳ ಇಲ್ಲದ ರಜ ಸಿಗುತ್ತೆ, ಬಿಡಿಬಿಡಿಯಾಗೂ ತಗೋಬಹುದು. ಹೆಂಡತಿ, ಗಂಡ, ಮಕ್ಕಳು, ಸ್ವಂತ ಅಪ್ಪ ಅಮ್ಮನಿಗೆ ಇದೆ, ಅತ್ತೆ ಮಾವನಿಗೆ ಇಲ್ಲ. ಅತ್ತೇನ ಕರ್ಕೊಂಡು ಹೋಗೋದಾದ್ರೆ ಎಫ್‌ಎಂಎಲ್‌ಎ ಗಂಡನೇ ಹಾಕ್ಲಿ. ಹೊಸದಾಗಿ ಸೇರಿದವರು ಮ್ಯಾನೇಜರ್ ಹತ್ರ ಮುಂಚೆನೇ ಮಾತಾಡಿ.

ವಾಪಸ್ ಬರೋ ಮುಂಚೆ ಡಾಕ್ಟ್ರ ಹತ್ರ ಕೇಳ್ಲೇಬೇಕಾದ್ದು: ಇನ್ಮುಂದೆ ಔಷಧಿ ಬರೆಯೋರು ಯಾರು, ನೀವಾ ನಮ್ಮೂರಿನ ಡಾಕ್ಟ್ರಾ, ಏನಾದ್ರೆ ಯಾವ ನಂಬರ್‌ಗೆ ಫೋನ್ ಮಾಡ್ಲಿ, ಮುಂದಿನ ಭೇಟಿ ವಿಡಿಯೋಲಿ ಆಗುತ್ತಾ. ವಿಡಿಯೋ ಅನ್ನೋದು ನೀವು ಆ ಹೊತ್ತಿಗೆ ಕೂತಿರೋ ರಾಜ್ಯದಲ್ಲಿ ಆ ಡಾಕ್ಟ್ರಿಗೆ ಲೈಸೆನ್ಸ್ ಇದೆಯಾ ಅನ್ನೋದರ ಮೇಲೆ, ಹಾಗಾಗಿ ಯಾವ ರಾಜ್ಯದಲ್ಲಿರ್ತೀರಿ ಅಂತ ಹೇಳಿಯೇ ಕೇಳಿ. ಮನೆಗೆ ಬಂದ ಮೇಲೆ ಇನ್ಶೂರೆನ್ಸ್‌ನವರಿಂದ ದೊಡ್ಡ ಮೊತ್ತ ಬರೆದ ಇಒಬಿ (ಯಾವುದಕ್ಕೆ ಯಾರು ಎಷ್ಟು ಕೊಡ್ತಾರೆ ಅನ್ನೋ ವಿವರ) ಕಾಗದ ಬರುತ್ತೆ, ಅದು ಬಿಲ್ಲಲ್ಲ, ಗಾಬರಿಯಾಗಿ ಕಟ್ಟೋಕೆ ಹೋಗ್ಬೇಡಿ. ಆಸ್ಪತ್ರೆ ಬಿಲ್ಲು ಬಂದಾಗ ಎರಡನ್ನೂ ಪಕ್ಕ ಪಕ್ಕ ಇಟ್ಟು ತಾಳೆ ನೋಡಿ, ಹೊಂದದಿದ್ರೆ ಬರೆದಿಟ್ಕೊಂಡಿದ್ದ ಆ ಕಾಲ್ ರೆಫರೆನ್ಸ್ ನಂಬರ್ ಹಿಡ್ಕೊಂಡು ಫೋನ್ ಮಾಡಿ.