ಶುಕ್ರವಾರ ಎರಡರಿಂದ ಭಾನುವಾರ ಹತ್ತರವರೆಗೆ: ನೇಪಾಳದಲ್ಲಿ ಪಾಠ ಮಾಡುತ್ತ ಬೆಟ್ಟ ಸುತ್ತಿದ ನನ್ನ ಅನುಭವ

ನೇಪಾಳದ ಶಾಲೆಯಲ್ಲಿ ಸ್ವಯಂಸೇವಕರಾಗಿ ಇದ್ದು ಬಂದವರಿಗೆ ಈ ಸಂಕಟ ಗೊತ್ತೇ ಇರುತ್ತದೆ. ನಾನಿದ್ದಾಗ ವಾರಕ್ಕೆ ಒಂದೇ ರಜೆ, ಅದು ಶನಿವಾರ. ಭಾನುವಾರ ಬೆಳಗ್ಗೆ ಹತ್ತಕ್ಕೆ ಪ್ರಾರ್ಥನೆಯ ಗಂಟೆ ಹೊಡೆಯುತ್ತಿತ್ತು. ಶುಕ್ರವಾರ ಮಾತ್ರ ಅರ್ಧ ದಿನ, ಎರಡಕ್ಕೆ ಬಿಡುಗಡೆ. ಲೆಕ್ಕ ಹಾಕಿದರೆ 44 ಗಂಟೆ. ಇಷ್ಟರಲ್ಲೇ ಪ್ರತಿ ವಾರ ಎಲ್ಲಾದರೂ ಹತ್ತಿ ಇಳಿದು, ಭಾನುವಾರದ ಮೊದಲ ಪೀರಿಯಡ್ಡನ್ನೂ ತಪ್ಪಿಸುವುದಿಲ್ಲ ಎಂದಾಗ ಮೊದಲೇ ಹೋಗಿ ಬಂದಿದ್ದ ಗೆಳೆಯರು ನಕ್ಕರು. "ಒಂದೋ ಮೇಷ್ಟ್ರಾಗು, ಇಲ್ಲಾ ಟೂರಿಸ್ಟ್ ಆಗು. ಎರಡು ದೋಣಿಯಲ್ಲಿ ಕಾಲಿಡಬೇಡ" ಅಂದರು. ನಾಲ್ಕು ತಿಂಗಳಲ್ಲಿ ಹದಿನಾರು ವಾರಾಂತ್ಯ ಸಿಕ್ಕವು, ಹದಿನಾಲ್ಕರಲ್ಲಿ ಹೊರಗೆ ಹೋದೆ, ತಡವಾಗಿದ್ದು ಎರಡೇ ಸಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ಸಲ ಸೋತಿದ್ದನ್ನೂ ಹೇಳಿಬಿಡಬೇಕು. ಕೆಲವು ವರ್ಷಗಳ ಹಿಂದೆ ಒಂದು ಏಜೆನ್ಸಿಗೆ ನಾಲ್ಕು ವಾರಕ್ಕೆಂದು ಹತ್ತಿರ ಹತ್ತಿರ ಅರುವತ್ತು ಸಾವಿರ ನೇಪಾಳಿ ರೂಪಾಯಿ ಕೊಟ್ಟು ಹೋಗಿದ್ದೆ. ಹೋಗಿ ಇಳಿದಿದ್ದು ಚೈತ್ರದಲ್ಲಿ. ಅಲ್ಲಿ ಶಾಲೆಯ ವರ್ಷ ವೈಶಾಖದಲ್ಲಿ, ಅಂದರೆ ಏಪ್ರಿಲ್ ನಡುವಿಗೆ ಶುರು. ಚೈತ್ರವೆಂದರೆ ವಾರ್ಷಿಕ ಪರೀಕ್ಷೆ, ಆಮೇಲೆ ರಜೆ. ಏಜೆನ್ಸಿಯವರು ಈ ವಿಷಯ ಬಾಯಿ ಬಿಡಲಿಲ್ಲ, ನಾನೂ ಕೇಳಲಿಲ್ಲ. ಒಂಬತ್ತು ದಿನ ಪರೀಕ್ಷಾ ಕೊಠಡಿಯ ಕಾವಲು, ಉಳಿದ ದಿನ ಗೋಡೆಗೆ ಬಣ್ಣ. ಉಳಿದುಕೊಂಡಿದ್ದ ಮನೆಯ ಆಮಾ (ಮನೆಯೊಡತಿಯನ್ನು ಹೀಗೆ ಕರೆಯುತ್ತಾರೆ, ಅಮ್ಮ ಎಂದರ್ಥ) ಹತ್ತಿರ ಮಾತಾಡುವಾಗ ಗೊತ್ತಾಯಿತು, ನಾನು ಕೊಟ್ಟದ್ದರಲ್ಲಿ ಅವರ ಕೈಗೆ ಸೇರಿದ್ದು ಎಂಟು ಸಾವಿರವೂ ಇಲ್ಲ. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಮಧ್ಯದವರು ಬೇಡ.

ಎರಡನೇ ಸಲ, 2024ರಲ್ಲಿ, ನೇರವಾಗಿ ಶಾಲೆಗಳಿಗೇ ಬರೆದೆ. ಹನ್ನೊಂದು ಪತ್ರ, ಎರಡು ಉತ್ತರ. ಒಂದರಲ್ಲಿ ಇಂಗ್ಲಿಷ್ ಕಲಿಸಲು ಯುರೋಪಿನವರೇ ಬೇಕು ಎಂದು ಸುತ್ತಿ ಬಳಸಿ ಹೇಳಿದ್ದರು. ಇನ್ನೊಂದು ಶಾಲೆಗೆ ನಾನು ಇಂಗ್ಲಿಷಿನ ಸುದ್ದಿಯನ್ನೇ ಎತ್ತಿರಲಿಲ್ಲ. ಏಳರಿಂದ ಒಂಬತ್ತನೇ ತರಗತಿವರೆಗೆ ಗಣಿತ, ವಿಜ್ಞಾನ ಎಂದು ಬರೆದಿದ್ದೆ. ಸರ್ಕಾರಿ ಶಾಲೆಗಳಲ್ಲಿ ಖಾಲಿ ಇರುವ ಜಾಗ ಅದೇ. ಆ ಪತ್ರದ ಮೂರನೇ ಸಾಲಿನಲ್ಲಿ ಏನಿತ್ತು ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಇನ್ನೂ ಒಂದೆರಡು ಸಲ ಬಳಸುವುದಿದೆ. ಶಾಲೆ ಪೋಖರಾದಿಂದ ಬಾಗ್ಲುಂಗ್ ರಸ್ತೆಯಲ್ಲಿ, ನೌಡಾಂಡಾ ದಾಟಿ ಕಾಂಡೆ ಕಡೆಗೆ ಹೋಗುವಾಗ ಸಿಗುವ ಊರಲ್ಲಿ. ಸುಮಾರು 1,600 ಮೀಟರ್ ಎತ್ತರ. ದಶೈಂ, ಅಂದರೆ ಅಲ್ಲಿನ ದಸರಾ, ಮುಗಿಸಿಕೊಂಡು ಅವರ ಕಾರ್ತಿಕದ ಮೊದಲ ವಾರ, ಅಕ್ಟೋಬರಿನಲ್ಲಿ, ಹೋಗಿ ಸೇರಿದೆ. ಮಳೆ ನಿಂತು ಆಕಾಶ ತೊಳೆದಂತಿತ್ತು, ಶಾಲೆಯ ಅಂಗಳದಿಂದಲೇ ಮಚ್ಛಾಪುಚ್ಛ್ರೆ ಶಿಖರ ಕಾಣುತ್ತಿತ್ತು.

ಹೆಡ್ ಸರ್‌ಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ, ತಪ್ಪೂ ಅಲ್ಲ. ಹಿಂದೆ ಬಂದಿದ್ದ ಇಬ್ಬರು ಶುಕ್ರವಾರ ಹೋದವರು ಮಂಗಳವಾರ ಬಂದಿದ್ದರಂತೆ. ನಾನು ಒಂದು ಕರಾರು ಹಾಕಿದೆ: ಭಾನುವಾರದ ಮೊದಲ ಪೀರಿಯಡ್ ನನಗೇ ಕೊಡಿ, ತಡವಾಗಿ ಬಂದರೆ ತಡವಾಗಿ ಬಂದ ಮಕ್ಕಳ ಸಾಲಿನಲ್ಲೇ ಗೇಟಿನ ಹತ್ತಿರ ನಿಲ್ಲುತ್ತೇನೆ. ಅವರು ನಕ್ಕು ಒಪ್ಪಿದರು. ನಿಂತೆ ಕೂಡ. ಅದು ಎರಡನೇ ವಾರ.

ಆ ವಾರ ತ್ರಿಶೂಲಿ ನದಿಯಲ್ಲಿ ರಾಫ್ಟಿಂಗ್ ಮಾಡುವ ಹುಚ್ಚು ಹಿಡಿದಿತ್ತು. ಪೋಖರಾದಿಂದ ಕಾಠ್ಮಂಡು ಇನ್ನೂರು ಕಿಲೋಮೀಟರ್. ಆದರೆ ಆಗ ಮುಗ್ಲಿಂಗ್‌ವರೆಗೂ ರಸ್ತೆ ಅಗಲ ಮಾಡುವ ಕೆಲಸ, ಎಲ್ಲಿ ನೋಡಿದರೂ ಧೂಳು ಮತ್ತು ಕಾಯುವ ಸಾಲು. ನೀರಲ್ಲಿ ಎರಡು ಗಂಟೆ, ಬಸ್ಸಲ್ಲಿ ಹದಿನೇಳು ಗಂಟೆ. ಭಾನುವಾರ ಹನ್ನೆರಡಕ್ಕೆ ಗೇಟಿಗೆ ಬಂದಾಗ ಅಂಗಿ ಪ್ಯಾಂಟು ಎಲ್ಲ ಒಂದೇ ಬಣ್ಣ. ಏಳನೇ ತರಗತಿಯ ಇಬ್ಬರು ಹುಡುಗರು ನನ್ನ ಜೊತೆ ನಿಲ್ಲಲೆಂದೇ ಬೇಕಂತಲೇ ಹೊರಗೆ ಬಂದರು. ಅಂದಿನಿಂದ ಪೂರ್ವಕ್ಕೆ ಹೋಗುವ ಬಸ್ ಹತ್ತಲೇ ಇಲ್ಲ. ಶಾಲೆಯಿಂದ ಬೆಟ್ಟದ ಕಡೆಗೆ, ಮೂರು ಗಂಟೆಯೊಳಗೆ ಗಾಡಿ ಮುಟ್ಟುವ ಜಾಗ ಮಾತ್ರ. ಅಷ್ಟರಲ್ಲೇ ಆಸ್ಟ್ರೇಲಿಯನ್ ಕ್ಯಾಂಪ್, ಧಂಪುಸ್, ಪಂಚಾಸೆ, ಘೋರೇಪಾನಿ ಎಲ್ಲ ಬಂತಲ್ಲ, ಇನ್ನೇನು ಬೇಕು?

ಪೂನ್ ಹಿಲ್‌ಗೆ ಅಂದರೆ ಘೋರೇಪಾನಿ ಮೇಲಿನ ಗುಡ್ಡದ ತುದಿಗೆ, ಎಲ್ಲರೂ ಸೂರ್ಯೋದಯಕ್ಕೆ ಹೋಗುತ್ತಾರೆ. ನಾನೂ ಮೊದಲ ಸಲ ಹಾಗೇ ಹೋಗಿದ್ದೆ. ಅದೇ ನಾನು ಗೇಟಲ್ಲಿ ನಿಂತ ಎರಡನೇ ಭಾನುವಾರ. ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು, ಸೂರ್ಯಾಸ್ತಕ್ಕೆ ಹೋಗಬೇಕು. ಶುಕ್ರವಾರ ಎರಡೂವರೆಗೆ ಜೀಪು, ಸಂಜೆಗೆ ಉಲ್ಲೇರಿ ಎಂಬ ಹಳ್ಳಿ, ಅಲ್ಲೇ ನಿದ್ದೆ. ಶನಿವಾರ ಆರಾಮಾಗಿ ನಡೆದು ಮಧ್ಯಾಹ್ನಕ್ಕೆ 2,870 ಮೀಟರಿನ ಘೋರೇಪಾನಿ, ನಾಲ್ಕಕ್ಕೆ 3,210 ಮೀಟರಿನ ತುದಿ. ಬೆಳಗ್ಗೆ ಮುನ್ನೂರು ಜನ ಮೊಬೈಲ್ ಎತ್ತಿ ನಿಲ್ಲುವ ಜಾಗದಲ್ಲಿ ಅವತ್ತು ಸಂಜೆ ನಾವು ಏಳೇ ಜನ. ಅನ್ನಪೂರ್ಣ ಸೌತ್ ಶಿಖರ ಕೆಂಡದ ಹಾಗೆ ಕೆಂಪಾಗಿ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗುವುದನ್ನು ಯಾರ ತಲೆಯೂ ಅಡ್ಡ ಬರದೆ ನೋಡಿದೆ. ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ತಲೆಗೆ ದೀಪ ಕಟ್ಟಿ ಇಳಿದು, ಏಳಕ್ಕೆ ಜೀಪು, ಒಂಬತ್ತೂವರೆಗೆ ಶಾಲೆ. ಆ ಹೊತ್ತಿಗೆ ಉಲ್ಲೇರಿಯಲ್ಲಿ ಜೀಪು ಖಾತ್ರಿಯಾಗಿ ಸಿಗುವಂತೆ ಮಾಡಿದ ಉಪಾಯ ನನ್ನ ಹತ್ತಿರವೇ ಇರಲಿ.

ಪರ್ಮಿಟ್ ವಿಷಯದಲ್ಲಿ ಎಡವಬೇಡಿ. ಘೋರೇಪಾನಿಯಂಥ ಜಾಗಗಳಿರುವ ಅನ್ನಪೂರ್ಣ ಸಂರಕ್ಷಣಾ ಪ್ರದೇಶಕ್ಕೆ ಆಗ ಭಾರತವೂ ಸೇರಿದ ಸಾರ್ಕ್ ದೇಶದವರಿಗೆ 1,000, ಬೇರೆ ವಿದೇಶಿಯರಿಗೆ 3,000 ನೇಪಾಳಿ ರೂಪಾಯಿ. ಶುಕ್ರವಾರ ಶಾಲೆ ಬಿಟ್ಟ ಮೇಲೆ ಪೋಖರಾಕ್ಕೆ ಹೋಗಿ ಮಾಡಿಸುತ್ತೇನೆ ಅಂದರೆ ಆ ವಾರ ಕೈಬಿಟ್ಟಂತೆಯೇ. ಹಿಂದಿನ ವಾರವೇ ಮಾಡಿಸಿಟ್ಟುಕೊಳ್ಳುತ್ತಿದ್ದೆ. 2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯ ಎಂಬ ನಿಯಮವೂ ಬಂದಿದೆ. ನಾನು ಆ ವಾದಕ್ಕೇ ಹೋಗಲಿಲ್ಲ. ನಮ್ಮ ಶಾಲೆಯ ನೇಪಾಳಿ ಮೇಷ್ಟ್ರ ಭಾವನಿಗೆ ಲೈಸೆನ್ಸ್ ಇತ್ತು. ದೊಡ್ಡ ದಾರಿಗಳಿಗೆ ಆ ದಾಯಿಯೇ (ನೇಪಾಳಿಯಲ್ಲಿ ಅಣ್ಣ) ಜೊತೆ. "ಇನ್ನು ಸ್ವಲ್ಪ ಸಪಾಟು ದಾರಿ" ಎಂದು ಆತ ಹೇಳಿದರೆ ನೂರು ಮೀಟರ್ ಏರು, ನೂರು ಮೀಟರ್ ಇಳಿತ ಎಂದು ಅರ್ಥ.

ಈಗ ಪಾಠಕ್ಕೆ ಬರುತ್ತೇನೆ, ಎರಡು ದೋಣಿ ಒಂದಾಗಿದ್ದು ಅಲ್ಲೇ. ಏಳನೇ ತರಗತಿಯಲ್ಲಿ ಒಂದು ಶುಕ್ರವಾರ, ಎತ್ತರಕ್ಕೆ ಹೋದ ಹಾಗೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ ಎಂದು ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಬೇಗ ಕುದಿದರೆ ದಾಲ್ ಬೇಗ ಬೇಯಬೇಕಲ್ಲ ಸರ್? ಘೋರೇಪಾನಿಯಲ್ಲಿ ನಮ್ಮ ಚಿಕ್ಕಮ್ಮನ ಹೋಟೆಲಲ್ಲಿ ಬೇಯೋದೇ ಇಲ್ಲ." ನಾನು ಉತ್ತರ ಹೇಳಲಿಲ್ಲ, ಭಾನುವಾರ ಹೇಳುತ್ತೇನೆ ಅಂದೆ. ಪೋಖರಾದಲ್ಲಿ ಪ್ರಯೋಗಾಲಯದ ಥರ್ಮಾಮೀಟರ್ ಕೊಂಡೆ. ಜೀಪಿನ ಕುಲುಕಾಟಕ್ಕೆ ಅದು ಒಡೆಯಿತು. ಎರಡನೆಯದು ಪೋಖರಾದ ಫೇವಾ ಕೆರೆಯ ದಂಡೆಯಲ್ಲೇ ಕುದಿಯುವ ನೀರಿಗೆ 102 ಡಿಗ್ರಿ ತೋರಿಸಿತು! ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು, ಥರ್ಮಾಮೀಟರಿನ ಬುರುಡೆ ಪಾತ್ರೆಯ ತಳಕ್ಕೆ ತಾಗುತ್ತಿತ್ತು. ದಾರ ಕಟ್ಟಿ ನೀರಿನ ಮಧ್ಯಕ್ಕೆ ಇಳಿಬಿಟ್ಟ ಮೇಲೆ ಸರಿಹೋಯಿತು. ನೆನಪಿದ್ದಷ್ಟು ಹೇಳುತ್ತೇನೆ: ಪೋಖರಾದಲ್ಲಿ 97, ಶಾಲೆಯಲ್ಲಿ 95ಕ್ಕೆ ಚೂರು ಕಡಿಮೆ, ಆಸ್ಟ್ರೇಲಿಯನ್ ಕ್ಯಾಂಪಲ್ಲಿ 93, ಘೋರೇಪಾನಿಯಲ್ಲಿ 90 ಅಥವಾ 91. ಮುನ್ನೂರು ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ.

ಮಕ್ಕಳು ಅದನ್ನು ಗ್ರಾಫ್ ಮಾಡಿದರು. ಗೆರೆ ಮುಂದಕ್ಕೆ ಎಳೆದು, ಸಗರಮಾಥಾ (ಎವರೆಸ್ಟ್) ತುದಿಯಲ್ಲಿ ಚಿಯಾ, ಅಂದರೆ ಚಹಾ, ಎಷ್ಟು ಬಿಸಿ ಇರಬಹುದು ಎಂದು ಲೆಕ್ಕ ಹಾಕಿ 70 ಡಿಗ್ರಿ ಆಸುಪಾಸು ತಂದರು. ದಾಲ್‌ನ ಉತ್ತರವನ್ನು ಚಿಕ್ಕಮ್ಮನ ಕುಕ್ಕರ್ ನೋಡಿ ಅವರೇ ಕಂಡುಕೊಂಡರು: ಕುದಿಯುವುದು ಬೇರೆ, ಬೇಯುವುದು ಬೇರೆ; ಕಡಿಮೆ ಬಿಸಿಗೇ ಕುದಿಯುವ ನೀರಲ್ಲಿ ದಾಲ್ ಬೇಯಲು ಹೆಚ್ಚು ಹೊತ್ತು ಬೇಕು. ಆಮೇಲೆ ಶುಕ್ರವಾರ ನಾನು ಪ್ರಶ್ನೆ ಹುಡುಕುವ ಕೆಲಸವೇ ಇರಲಿಲ್ಲ, ಅವರೇ ಬರೆದು ಕೊಡುತ್ತಿದ್ದರು. ಹೆಡ್ ಸರ್ ಒಮ್ಮೆ, "ಈ ವಾರ ಎಲ್ಲೂ ಹೋಗಲ್ವಾ?" ಎಂದು ಕೇಳಿದಾಗ ನನಗೆ ಒಳಗೊಳಗೇ ಖುಷಿ.

ಎಲ್ಲ ಪ್ರಯೋಗವೂ ಗೆದ್ದಿತು ಅಂದುಕೊಳ್ಳಬೇಡಿ. ಒಂಬತ್ತನೆಯವರು, ಯಾರೂ ಹತ್ತದ ಮಚ್ಛಾಪುಚ್ಛ್ರೆಯ ಎತ್ತರ 6,993 ಮೀಟರ್ ಎಂದು ಹೇಗೆ ಗೊತ್ತು ಎಂದು ಕೇಳಿದರು. 1957ರಲ್ಲಿ ಬ್ರಿಟಿಷ್ ತಂಡವೊಂದು ತುದಿಗೆ ಐವತ್ತು ಮೀಟರಿನಷ್ಟು ಬಾಕಿ ಇರುವಾಗ ವಾಪಸಾಯಿತು, ಈಗ ಹತ್ತಲು ಯಾರಿಗೂ ಪರವಾನಗಿ ಇಲ್ಲ. ಕೋನಮಾಪಕಕ್ಕೆ ದಾರ, ದಾರಕ್ಕೆ ಕಲ್ಲು ಕಟ್ಟಿ, ಅಂಗಳದ ಎರಡು ತುದಿಯಿಂದ ಅಳೆದೆವು. ಒಂದು ಗುಂಪಿಗೆ 2,900 ಬಂತು, ಇನ್ನೊಂದಕ್ಕೆ ಹತ್ತೊಂಬತ್ತು ಸಾವಿರ. ಇಪ್ಪತ್ತೈದು ಕಿಲೋಮೀಟರ್ ದೂರದ ಬೆಟ್ಟಕ್ಕೆ ಇನ್ನೂರು ಮೀಟರಿನ ಅಂತರ ಏನೇನೂ ಸಾಲದು. ಕೊನೆಗೆ ನಕಾಶೆಯಿಂದ ದೂರ ತೆಗೆದುಕೊಂಡು ಒಂದೇ ಕೋನ ಅಳೆದೆವು. ಹನ್ನೊಂದೂವರೆ ಡಿಗ್ರಿ ಬಂತು, ಶಾಲೆಯ ಎತ್ತರ ಕೂಡಿಸಿದರೆ 6,700ರ ಹತ್ತಿರ ಹತ್ತಿರ. ದಾರ ಕಲ್ಲಿನ ಉಪಕರಣಕ್ಕೆ ಅಷ್ಟು ಸಾಕು. ಉಲ್ಲೇರಿಯ ಕಲ್ಲುಮೆಟ್ಟಿಲು ಮೂರು ಸಾವಿರಕ್ಕೂ ಮೇಲೆ ಅನ್ನುತ್ತಾರೆ, ಎಣಿಸಲು ಹೊರಟ ನಾನು ಸಾವಿರದ ನೂರರ ಹತ್ತಿರ ಹೇಸರಗತ್ತೆಗಳಿಗೆ ದಾರಿ ಬಿಡುವಾಗ ಲೆಕ್ಕ ತಪ್ಪಿದೆ.

ದುಡ್ಡಿನ ಲೆಕ್ಕ, ನೇಪಾಳಿ ರೂಪಾಯಿಯಲ್ಲಿ. ಹತ್ತಿರದಲ್ಲಿದ್ದ ಹೋಂಸ್ಟೇ ಮನೆಗೆ ಊಟ, ಕೋಣೆ ಸೇರಿ ತಿಂಗಳಿಗೆ ಹನ್ನೆರಡು ಸಾವಿರ, ನೇರವಾಗಿ ಆಮಾ ಕೈಗೇ. ವಾರಾಂತ್ಯಕ್ಕೆ ಸರಾಸರಿ ಮೂರೂವರೆ ಸಾವಿರ. ತಿಹಾರ್ (ಅಲ್ಲಿನ ದೀಪಾವಳಿ) ರಜೆಯಲ್ಲಿ ಮರ್ದಿ ಹಿಮಾಲ್‌ಗೆ ಚಾರಣ ಹೋದದ್ದಕ್ಕೆ ಹದಿನಾರು ಸಾವಿರ ಹೋಯಿತು, ಅದು 44 ಗಂಟೆಯಲ್ಲಿ ಆಗುವ ಕೆಲಸ ಅಲ್ಲ. ಸಾರಂಗ್‌ಕೋಟ್‌ನಿಂದ ಪ್ಯಾರಾಗ್ಲೈಡಿಂಗ್‌ಗೆ ಎಂಟು ಸಾವಿರ ಕೊಟ್ಟು, ಕೆರೆಯ ಮೇಲೆ ಮೂರು ಸುತ್ತು ಹೊಡೆದು, ಇಳಿದ ತಕ್ಷಣ ವಾಂತಿ ಮಾಡಿದೆ. ಮತ್ತೆ ಹೋಗಲ್ಲ. ಎಲ್ಲ ಸೇರಿ ನಾಲ್ಕು ತಿಂಗಳಿಗೆ ಒಂದು ಲಕ್ಷ ಇಪ್ಪತ್ತು ಸಾವಿರದಷ್ಟು, ನಮ್ಮ ಒಂದು ರೂಪಾಯಿಗೆ ಅಲ್ಲಿನ 1.60 ಅಂದರೆ ಎಪ್ಪತ್ತೈದು ಸಾವಿರದ ಸುತ್ತಮುತ್ತ. ಹೋಗುವಾಗ ನಮ್ಮ ನೂರರ ನೋಟಿನ ಕಟ್ಟು ಒಯ್ದಿದ್ದೆ, ಭಾರತದ ದೊಡ್ಡ ನೋಟು ಅಲ್ಲಿ ಆಗ ನಡೆಯುತ್ತಿರಲಿಲ್ಲ.

ಮಾಘದ ಕೊನೆಗೆ ಹೊರಟಾಗ ಥರ್ಮಾಮೀಟರ್ ಶಾಲೆಯಲ್ಲೇ ಬಿಟ್ಟು ಬಂದೆ. ಮುಂದಿನ ಕಾರ್ತಿಕಕ್ಕೆ ಮತ್ತೆ ಕರೆದಿದ್ದಾರೆ, ಹೆಡ್ ಸರ್‌ದೇ ಫೋನು. ಈ ಸಲ ಬರುವಾಗ ಎರಡು ಥರ್ಮಾಮೀಟರ್ ತರಬೇಕಂತೆ. ಬಿಟ್ಟು ಬಂದದ್ದನ್ನು ಒಂಬತ್ತನೆಯವರು ಪಂಚಾಸೆಗೆ ಒಯ್ದು ಒಡೆದಿದ್ದಾರೆ.