ಬೋರ್ ಮರುಪೂರಣ: ಒಳಗೆ ಬಿಡುವ ನೀರಿನ ಲೆಕ್ಕ

ಬೋರಿಗೆ ಮಳೆನೀರು ಇಳಿಸುವ ಇಂಗುಗುಂಡಿ ಮಾಡಿಸುವವರು ಮೊದಲು ಕೇಳುವುದು ಎಷ್ಟು ಇಂಚು ನೀರು ಹೆಚ್ಚಾಗುತ್ತದೆ ಅಂತ. ವಿಜಯಪುರ ಕಡೆ ಕೆಲಸ ಹಿಡಿದಾಗ ನಾನು ಮೊದಲು ನೋಡುವುದು ಆ ಗುಂಡಿಗೆ ಎಂಥ ನೀರು ಹರಿದು ಬರುತ್ತದೆ ಅನ್ನುವುದನ್ನು. ಇಲ್ಲಿನ ಕಪ್ಪುಕಲ್ಲಿನಲ್ಲಿ ನೀರು ಇರುವುದು ಬಿರುಕುಗಳಲ್ಲಿ, ಲಾವಾ ಪದರಗಳ ನಡುವಿನ ಸಂದಿಯಲ್ಲಿ. ಉಸುಕಿನ ನೆಲದ ಹಾಗೆ ಆ ಬಿರುಕು ನೀರನ್ನು ಸೋಸುವುದಿಲ್ಲ. ಮೇಲಿನಿಂದ ಹೋದ ರಾಡಿ, ಸಗಣಿ, ಯೂರಿಯಾ ಎಲ್ಲ ನೇರ ಕೆಳಗಿಳಿದು ಪಕ್ಕದ ಹೊಲದವರ ಬೋರಿಗೂ ಮುಟ್ಟಬಹುದು. ಸೋಸುವ ಕೆಲಸ ಪೂರ್ತಿ ಮೇಲೆಯೇ ಮುಗಿಯಬೇಕು.

ಗುಂಡಿಯ ಅಳತೆ ಕೇಸಿಂಗ್ (ಬೋರಿನ ಬಾಯಿಗೆ ಇಳಿಸಿದ ಕೊಳವೆ) ಸುತ್ತ 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಆಳ. ತಳದ 4 ಅಡಿಗೆ ದಪ್ಪ ಕಲ್ಲು, ಮೇಲೆ 2 ಅಡಿ ದಪ್ಪಕ್ಕೆ 40 ಮಿ.ಮೀ. ಖಡಿ (ಜಲ್ಲಿ), 1 ಅಡಿ ದಪ್ಪಕ್ಕೆ 20 ಮಿ.ಮೀ. ಖಡಿ, ನೈಲಾನ್ ಜಾಳಿಗೆ, ಅದರ ಮೇಲೆ 2 ಅಡಿ ತೊಳೆದ ದಪ್ಪ ಉಸುಕು. ಮೇಲಿನ ಒಂದು ಅಡಿ ನೀರು ನಿಲ್ಲಲು ಖಾಲಿ. ಕೇಸಿಂಗಿಗೆ ತೂತು ಹಾಕುವುದು ದಪ್ಪ ಕಲ್ಲಿನ ಎತ್ತರದಲ್ಲಿ ಮಾತ್ರ: ಕಾಲು ಇಂಚಿನ ತೂತು, ಮೂರು ಇಂಚಿಗೊಂದು, ಮೇಲೆ ಎರಡು ಸುತ್ತು ಜಾಳಿಗೆ. ಉಸುಕಿನ ಮಟ್ಟದಲ್ಲೂ ತೂತು ಕೊರೆದರೆ ನೀರು ಸೋಸಿಕೊಳ್ಳದೆ ಅಡ್ಡದಾರಿಯಲ್ಲಿ ಒಳಗೆ ಹೋಗುತ್ತದೆ, ಉಸುಕೂ ಜಾರಿ ಮೋಟರಿನ ಇಂಪೆಲ್ಲರ್ (ನೀರು ಎತ್ತುವ ಚಕ್ರ) ಸವೆಯುತ್ತದೆ. ಕೇಸಿಂಗಿನ ಬಾಯಿ ನೆಲಕ್ಕಿಂತ 2 ಅಡಿ ಮೇಲಿರಬೇಕು, ಮುಚ್ಚಳ ಗಟ್ಟಿ ಇರಬೇಕು.

ತಲೆನೋವು ಕೊಡುವುದು ಎರಿ ಮಣ್ಣು, ಅಂದರೆ ಕಪ್ಪು ಜೇಡಿ ಮಣ್ಣು. ಎರಿ ಹೊಲದಿಂದ ಹರಿದ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದಿಟ್ಟರೆ ಮರುದಿನವೂ ಅದು ಚಹಾದ ಬಣ್ಣದಲ್ಲೇ ಇರುತ್ತದೆ, ತಳದಲ್ಲಿ ಬೆರಳಗಲ ಕೆಸರು ಕೂತಿದ್ದರೂ. ಮಳೆನೀರಿನಲ್ಲಿ ಉಪ್ಪಿನಂಶ ಬಹಳ ಕಡಿಮೆ. ಸೋಡಿಯಂ ಹೆಚ್ಚಿರುವ ಜೇಡಿಗೆ ಅಂಥ ನೀರು ತಗುಲಿದರೆ ಕಣಗಳು ಬಿಡಿಬಿಡಿಯಾಗಿ ತೇಲುತ್ತವೆ. ಅದಕ್ಕೇ ಇಂಗುಗುಂಡಿಗಿಂತ ಮುಂಚೆ ಎರಡು ಕೆಸರುಗುಂಡಿ ಮಾಡಿಸುತ್ತೇನೆ, ಒಂದೊಂದೂ 10 ಅಡಿ ಉದ್ದ, 5 ಅಡಿ ಅಗಲ, 4 ಅಡಿ ಆಳ. ನೀರು ಒಂದು ಮೂಲೆಯಿಂದ ಬಂದು ಎದುರು ಮೂಲೆಯಿಂದ ಹೊರಡಬೇಕು. ಅವುಗಳ ಮುಂದೆ ಹತ್ತು ಹದಿನೈದು ಅಡಿ ಕರಿಕೆ ಹುಲ್ಲು ಬಿಟ್ಟರೆ ಅರ್ಧ ಕೆಲಸ ಅದೇ ಮಾಡುತ್ತದೆ. ಇಷ್ಟಾದರೂ ಉಸುಕಿನ ಮೇಲೆ ಜೇಡಿಯ ತೆಳು ಪದರ ಕಟ್ಟೇ ಕಟ್ಟುತ್ತದೆ. ಮಳೆಗಾಲ ಮುಗಿದ ಮೇಲೆ ಮೇಲಿನ ಎರಡು ಮೂರು ಇಂಚು ಉಸುಕು ಕೆರೆದು ಬೇರೆ ಹಾಕದಿದ್ದರೆ ಮುಂದಿನ ವರ್ಷ ನೀರು ಇಂಗುವುದಿಲ್ಲ, ಮೇಲೆ ನಿಂತು ಸೊಳ್ಳೆ ಸಾಕುತ್ತದೆ.

ಬರುವ ಕಾಲುವೆಗೆ ಒಂದು ಹಲಗೆ ಬಾಗಿಲು ಇರಲಿ. ಮುಂಗಾರಿಯ ಮೊದಲ ಹರಿವು, ಮೇಲುಗೊಬ್ಬರ ಅಥವಾ ಔಷಧಿ ಹೊಡೆದ ವಾರದ ಮಳೆ, ಇವನ್ನು ಹಳ್ಳಕ್ಕೆ ಬಿಟ್ಟುಬಿಡುವುದು. ಗೊಬ್ಬರದಿಂದ ಬರುವ ನೈಟ್ರೇಟ್ ಒಮ್ಮೆ ಅಂತರ್ಜಲಕ್ಕೆ ಸೇರಿದರೆ ಸುಲಭಕ್ಕೆ ಹೋಗುವುದಿಲ್ಲ; ಉಸುಕು ಅದನ್ನು ತಡೆಯುವುದಿಲ್ಲ, ಕುದಿಸಿದರೆ ಇನ್ನಷ್ಟು ಗಟ್ಟಿಯಾಗುತ್ತದೆ.

ಕುಡಿಯುವ ನೀರಿನ ಬೋರಾದರೆ ಹೊಲದ ನೀರು ಬೇಡವೇ ಬೇಡ, ಮಾಳಿಗೆಯ ನೀರಷ್ಟೇ ಸಾಕು. 100 ಚದರ ಮೀಟರ್ ಆರ್‌ಸಿಸಿ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 2,000 ಲೀಟರ್ ಕೈಗೆ ಸಿಗುತ್ತದೆ. ಮೊದಲ 1 ರಿಂದ 2 ಮಿ.ಮೀ. ಹೊರಗೆ ಬಿಡಬೇಕು ಅಂದರೆ 100 ರಿಂದ 200 ಲೀಟರ್. ಈ ಮೊದಲ ನೀರು ಹಿಡಿಯಲು ಅಂಗಡಿಯವರು ಕೊಡುವ 4 ಇಂಚು ವ್ಯಾಸದ ಪೈಪು ಮೀಟರಿಗೆ 8 ಲೀಟರ್ ಮಾತ್ರ ಹಿಡಿಯುತ್ತದೆ, ಹಕ್ಕಿ ಹಿಕ್ಕೆ ತೊಳೆದ ನೀರೇ ಬೋರಿಗೆ ಹೋಗುತ್ತದೆ. 200 ಲೀಟರ್ ಡ್ರಮ್ ಇಡಿ, ತಳದಲ್ಲಿ ನಲ್ಲಿ ಇರಲಿ.

ಇನ್ನು ಪರೀಕ್ಷೆ. ಮೇ ಕೊನೆಗೆ ಒಂದು, ಹಿಂಗಾರಿ ಮುಗಿದ ಮೇಲೆ ಒಂದು ಮಾದರಿ. ಹದಿನೈದು ನಿಮಿಷ ಮೋಟರು ಓಡಿಸಿ ಹಿಡಿಯಬೇಕು. ಫ್ಲೋರೈಡ್ ಮಾದರಿಗೆ ಗಾಜು ಬೇಡ, ಪ್ಲಾಸ್ಟಿಕ್ ಬಾಟಲಿ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಿತಿಗಳು ಲೀಟರಿಗೆ ಹೀಗಿವೆ: ನೈಟ್ರೇಟ್ 45 ಮಿ.ಗ್ರಾಂ., ಫ್ಲೋರೈಡ್ 1, ಬೇರೆ ನೀರು ಇಲ್ಲದಿದ್ದರೆ 1.5. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಮೀಟರ್ ಒಂದನ್ನೇ ನಂಬಿ ಕೂತರೆ ಇವೆರಡೂ ಕಾಣುವುದಿಲ್ಲ. ಮೊದಲ ಮಳೆಯ ಹೊತ್ತಿಗೆ ಟಿಡಿಎಸ್ ಏರಿದರೆ ಗಾಬರಿ ಬೇಡ, ಒಣ ಪದರದಲ್ಲಿದ್ದ ಉಪ್ಪು ತೊಳೆದು ಬರುತ್ತಿರುತ್ತದೆ. ಫ್ಲೋರೈಡ್ ಮಾತ್ರ ಮಳೆನೀರು ಬೆರೆತ ಮಾತ್ರಕ್ಕೆ ಇಳಿಯುತ್ತದೆ ಅಂತ ಯಾರಿಗೂ ಮಾತು ಕೊಡುವುದಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಕಲ್ಲಿನಿಂದ ಫ್ಲೋರೈಡ್ ಕರಗಿ ಬರುವುದಕ್ಕೆ ಅನುಕೂಲ.

ಸವಳು ನೀರಿನ ಬೋರಿನಲ್ಲಿ ಇನ್ನೊಂದು ಸಂಗತಿ ಇದೆ. ಸಿಹಿನೀರು ಹಗುರ, ಸವಳಿನ ಮೇಲೆ ನಿಲ್ಲುತ್ತದೆ. ಪಂಪು ತೀರಾ ಕೆಳಗಿದ್ದರೆ ಇಂಗಿಸಿದ್ದು ಮೇಲೆಯೇ ಉಳಿದು, ಕೆಳಗಿನ ಉಪ್ಪುನೀರೇ ಬರುತ್ತದೆ. ಅಂಥ ಕಡೆ ಪಂಪನ್ನು ಒಂದೆರಡು ಪೈಪು ಮೇಲೆತ್ತಿ, ಒಂದೇ ಸಮ ಓಡಿಸದೆ ಎರಡು ತಾಸು ಓಡಿಸಿ ಎರಡು ತಾಸು ಬಿಡಬೇಕು. ಡೋಣಿ ಹೊಳೆಯ ದಂಡೆಯ ಹೊಲಗಳಲ್ಲಿ ಆ ಹೊಳೆಯ ನೀರನ್ನೇ ಬೋರಿಗೆ ತಿರುಗಿಸಬೇಕು ಅನ್ನುವವರಿಗೆ ನನ್ನ ಉತ್ತರ ಬೇಡ ಅಂತಲೇ. ಅದು ಮೊದಲೇ ಉಪ್ಪು.