ಕನ್ನಡ ಪುಟದಲ್ಲಿ ಗ್ರೀಕಿನ ಮ್ಯೂ: ನನ್ನ ಅನುಭವ

ವಿಜ್ಞಾನ, ಕೃಷಿ, ವೈದ್ಯಕೀಯ ವಿಷಯಗಳ ಕನ್ನಡ ಪುಸ್ತಕಗಳಿಗೆ ಪುಟವಿನ್ಯಾಸ ಮಾಡುವವರಿಗೆ ಮ್ಯೂ (μ) ಎಂಬ ಗ್ರೀಕ್ ಅಕ್ಷರ ಕೊಡುವ ಕಾಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಕ್ರೋಗ್ರಾಂ, ಮೈಕ್ರೋಮೀಟರ್, ಘರ್ಷಣಾಂಕ, ಸಂಖ್ಯಾಶಾಸ್ತ್ರದ ಸರಾಸರಿ, ಎಲ್ಲದಕ್ಕೂ ಅದೇ ಅಕ್ಷರ ಬೇಕು. ಕಡತವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವಾಗ ಮೊದಲು ಕೆಡುವುದೂ ಅದೇ. ನನ್ನ ವೃತ್ತಿಯ ಹಿರಿಯರೊಬ್ಬರು, "ಅಲ್ಲಪ್ಪಾ, ಮೈಕ್ರೋ ಅಂತ ಕನ್ನಡದಲ್ಲೇ ಬರೆದುಬಿಡು, ಆ ಗ್ರೀಕ್ ಅಕ್ಷರದ ಸಹವಾಸ ಯಾಕೆ ನಿನಗೆ?" ಎಂದು ಹಲವು ಸಲ ಬುದ್ಧಿ ಹೇಳಿದ್ದರು. ಈಚೆಗೆ ಮುಗಿಸಿದ ಕುಡಿಯುವ ನೀರಿನ ಕೈಪಿಡಿಯಲ್ಲಿ ಮುನ್ನೂರರ ಆಸುಪಾಸು ಕಡೆ ಬಂದ ಮ್ಯೂಗಳಲ್ಲಿ ಒಂದೂ ಕೆಡದೆ ಅಚ್ಚಾಗಿ ಬಂದ ಮೇಲೆ, ವಿಧಾನವನ್ನು ಬರೆದು ಕೊಡು ಎಂದು ಕೇಳಿದವರಲ್ಲಿ ಅವರೂ ಒಬ್ಬರು.

ಹಿರಿಯರ ಸಲಹೆ ಏಕೆ ಒದಗಲಿಲ್ಲ ಎಂಬುದನ್ನು ಮೊದಲು ಹೇಳುತ್ತೇನೆ. ಕೋಷ್ಟಕದ ಕಿರಿದಾದ ಅಂಕಣದಲ್ಲಿ "ಮೈಕ್ರೋಗ್ರಾಂ" ಎಂಬ ಇಡೀ ಪದ ಹಿಡಿಸುವುದಿಲ್ಲ. ಅದನ್ನು "ಮೈ.ಗ್ರಾಂ" ಎಂದು ಮೊಟಕು ಮಾಡಿದರೆ, ಪಕ್ಕದ ಅಂಕಣದ "ಮಿ.ಗ್ರಾಂ"ಗೂ ಅದಕ್ಕೂ ಇರುವ ವ್ಯತ್ಯಾಸ ಒಂದು ಸ್ವರಚಿಹ್ನೆಯಷ್ಟೇ. ಎಂಟು ಪಾಯಿಂಟ್ ಗಾತ್ರದಲ್ಲಿ, ಅಗ್ಗದ ಕಾಗದದ ಮೇಲೆ, ಆ ವ್ಯತ್ಯಾಸವನ್ನು ಕರಡು ತಿದ್ದುವವರೇ ಗುರುತಿಸಲಾರರು. ನೀರಿನ ಕೈಪಿಡಿಯಲ್ಲಿ ಫ್ಲೋರೈಡಿನ ಮಿತಿ ಲೀಟರಿಗೆ 1.5 ಮಿಲಿಗ್ರಾಂ ಎಂದೂ, ಅದರ ಕೆಳಗಿನ ಸಾಲಿನಲ್ಲೇ ಆರ್ಸೆನಿಕ್ಕಿನ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಎಂದೂ ಬರುತ್ತದೆ. ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಅಂಕಿಗಳು. ಮೈಕ್ರೋಗ್ರಾಮಿನ ಚಿಹ್ನೆ μg, ಮಿಲಿಗ್ರಾಮಿನದು mg; ಇಲ್ಲಿ ಮ್ಯೂ ಜಾರಿ ಎಮ್ ಆದರೆ ವಿಷದ ಮಿತಿ ಸಾವಿರ ಪಟ್ಟು ಏರುತ್ತದೆ. ಔಷಧಗಳ ವಿಷಯದಲ್ಲಂತೂ ಅಮೆರಿಕದ ಔಷಧ ಸುರಕ್ಷತಾ ತಜ್ಞರು ಇದೇ ಭಯದಿಂದ ಕೈಬರಹದ ಚೀಟಿಯಲ್ಲಿ ಮ್ಯೂ ಬಳಸಬೇಡಿ, "ಎಂಸಿಜಿ" (mcg) ಎಂದು ಬರೆಯಿರಿ ಎಂದು ಹೇಳುತ್ತ ಬಂದಿದ್ದಾರೆ. ವೈದ್ಯರು ಬರೆಯುವ ಚೀಟಿಗೆ ಆ ಮಾತು ಸರಿ. ಆದರೆ ಲೇಖಕರು ಅಂತರರಾಷ್ಟ್ರೀಯ ಏಕಮಾನ ಪದ್ಧತಿಯ ಚಿಹ್ನೆಯೇ ಬೇಕೆಂದು ಪಟ್ಟು ಹಿಡಿದರೆ ನಾವು ಅದನ್ನು ಕೊಡಲೇಬೇಕು.

ನಾನು ಸೋತ ವಿಧಾನಗಳಲ್ಲಿ ಮೊದಲನೆಯದು ಎಲ್ಲರೂ ಬಲ್ಲ ಸಿಂಬಲ್ ಫಾಂಟಿನದು. ಆ ಫಾಂಟಿನಲ್ಲಿ ಇಂಗ್ಲಿಷಿನ ಸಣ್ಣ ಎಮ್ ಕೀಲಿಯನ್ನು ಒತ್ತಿದರೆ ಮ್ಯೂ ಕಾಣಿಸುತ್ತದೆ, ಹಳೆಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರಿನ ಕಾಲದಲ್ಲಿ ನಾವೆಲ್ಲ ಹಾಗೆಯೇ ಮಾಡುತ್ತಿದ್ದೆವು. ಅದರ ಅಪಾಯವೆಂದರೆ, ಕಡತದ ಒಳಗೆ ಇರುವುದು ಎಮ್ ಮಾತ್ರ. ಮ್ಯೂ ಎಂಬುದು ಮೇಲಿನ ತೊಡಿಗೆ. ಯಾರಾದರೂ ಇಡೀ ಪಠ್ಯವನ್ನು ಆಯ್ದು ಫಾಂಟು ಬದಲಿಸಿದರೆ, ಅದು ಇಂಗ್ಲಿಷ್ ಫಾಂಟಾಗಿದ್ದಲ್ಲಿ ಮೈಕ್ರೋಗ್ರಾಂ ಸದ್ದಿಲ್ಲದೆ ಮಿಲಿಗ್ರಾಂ ಆಗುತ್ತದೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನಿಟ್ಟ ನುಡಿ ಮಾದರಿಯ ಹಳೆಯ ಫಾಂಟಾಗಿದ್ದಲ್ಲಿ ಟಕಾರದ ತುಂಡೊಂದು ಬಂದು ಕೂರುತ್ತದೆ. ಟಕಾರ ಬಂದರೆ ಕಣ್ಣಿಗೆ ಬಿದ್ದು ತಿದ್ದಬಹುದು; ಎಮ್ ಬಂದರೆ ಯಾರಿಗೂ ತಿಳಿಯುವುದಿಲ್ಲ. ಒಮ್ಮೆ ಪೌಷ್ಟಿಕಾಂಶದ ಪುಸ್ತಿಕೆಯೊಂದರಲ್ಲಿ ನನ್ನ ಪರದೆಯ ಮೇಲೂ ಕರಡಿನಲ್ಲೂ ಸರಿಯಾಗಿದ್ದ ಮ್ಯೂಗಳು ಮುದ್ರಣಾಲಯದಲ್ಲಿ ಕಡತವನ್ನು ಪ್ಲೇಟಿನ ಚುಕ್ಕೆಗಳಾಗಿಸುವ ರಿಪ್ ಯಂತ್ರ ದಾಟುವಾಗ ಎಮ್ ಆದವು, ಏಕೆಂದರೆ ಪಿಡಿಎಫ್‌ನಲ್ಲಿ ಆ ಫಾಂಟು ಅಡಕವಾಗಿರಲಿಲ್ಲ. ದಿನಕ್ಕೆ 150 ಮೈಕ್ರೋಗ್ರಾಂ ಸಾಕಾಗುವ ಅಯೋಡಿನ್ನು 150 ಮಿಲಿಗ್ರಾಂ ಆಗಿ ಸಾವಿರ ಪ್ರತಿ ಅಚ್ಚಾಯಿತು. ಒಂದು ಫಾರಂ, ಅಂದರೆ ಒಂದೇ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಗುಂಪು, ಮತ್ತೆ ಮುದ್ರಿಸಲು ಪ್ಲೇಟು, ಕಾಗದ, ಕೂಲಿ ಎಲ್ಲ ಸೇರಿ ಒಂಬತ್ತೋ ಹತ್ತೋ ಸಾವಿರ ಬಿತ್ತು. ಅರ್ಧ ನನ್ನ ತಲೆಗೆ ಬಂತು. ಆಗ ಸಾದಾ ಗದ್ಯದ ಪುಟಕ್ಕೆ ನನಗೆ ಸಿಗುತ್ತಿದ್ದುದು ಮೂವತ್ತು ರೂಪಾಯಿ.

ಎರಡನೆಯ ವಿಧಾನ, ಮ್ಯೂವನ್ನು ಚಿತ್ರವಾಗಿ ಮಾಡಿ ಸಾಲಿನೊಳಗೆ ಕೂರಿಸುವುದು. ಕೆಲವರು ಇಂದಿಗೂ ಇದನ್ನೇ ಮಾಡುತ್ತಾರೆ. ಸಾಲು ಹಿಂದೆ ಮುಂದೆ ಸರಿದಾಗ ಚಿತ್ರ ಮೇಲಕ್ಕೋ ಕೆಳಕ್ಕೋ ಜಿಗಿಯುತ್ತದೆ, ಹುಡುಕಿದರೆ ಸಿಗುವುದಿಲ್ಲ, ಇ-ಪುಸ್ತಕಕ್ಕೆ ಹೋದರೆ ಚಿತ್ರವೇ ಮಾಯವಾಗಿ "10 ಗ್ರಾಂ" ಉಳಿಯುತ್ತದೆ. ಅದು ಹತ್ತು ಲಕ್ಷ ಪಟ್ಟಿನ ವ್ಯತ್ಯಾಸ. ಅಂತಿಮ ಕಡತದ ಅಕ್ಷರಗಳನ್ನೆಲ್ಲ ರೇಖಾಚಿತ್ರವಾಗಿಸಿ ಕಳಿಸುವ ಉಪಾಯವನ್ನೂ ನೋಡಿದೆ. ಕಡತ ಭಾರವಾಯಿತು, ಲೇಖಕರು ಕೊನೆಯ ಗಳಿಗೆಯಲ್ಲಿ ಒಂದು ಅಂಕಿ ಬದಲಿಸಿದಾಗ ಇಡೀ ಅಧ್ಯಾಯವನ್ನು ಮತ್ತೆ ತೆರೆಯಬೇಕಾಯಿತು.

ಎಲ್ಲ ಭಾಷೆಗಳ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯುನಿಕೋಡಿಗೆ ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿತ್ತು. ಅಲ್ಲಿ ಕಾದಿದ್ದುದು ಬೇರೆಯೇ ತೊಡಕು. ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ಮಾಡಿದ ಹಳೆಯ ಎಂಟು ಬಿಟ್ಟಿನ ಅಕ್ಷರಸಂಕೇತಗಳ ಪಟ್ಟಿಯಲ್ಲಿ 181ನೆಯ ಮನೆಯನ್ನು ಮೈಕ್ರೋ ಚಿಹ್ನೆಗೆ ಕೊಟ್ಟಿದ್ದರು. ಆಲ್ಟ್ ಒತ್ತಿ 0181 ಟೈಪಿಸಿದರೆ ಬರುವುದು ಅದೇ. ನಮ್ಮ ನುಡಿ ಮಾದರಿಯ ಹಳೆಯ ಫಾಂಟುಗಳು ಆ ಪಟ್ಟಿಯ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ತುಂಬಿಕೊಂಡಿದ್ದರಿಂದ, 181ರಲ್ಲಿ ಕುಳಿತಿರುವುದು ತಲೆಕಟ್ಟಿಲ್ಲದ ಷಕಾರ. ಹಳೆಯ ಫಾಂಟಿನ ಪಠ್ಯವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಕಡತವನ್ನು ಕೊಟ್ಟರೆ ಅದು ಮೈಕ್ರೋಗ್ರಾಂ ಚಿಹ್ನೆಯ ಮ್ಯೂವನ್ನು ಷಕಾರವಾಗಿಯೂ ಇಂಗ್ಲಿಷಿನ ಜಿ ಅಕ್ಷರವನ್ನು ರಕಾರವಾಗಿಯೂ ಓದಿ ಏನನ್ನೋ ಉಗುಳುತ್ತದೆ. ಅದೇ ಬೀದಿಯ ಉಳಿದ ಮನೆಗಳ ಕಥೆಯೂ ಹಾಗೆಯೇ: 176ರ ಡಿಗ್ರಿ ಚಿಹ್ನೆ "ಲಿ" ಆಗುತ್ತದೆ, 178ರ ಮೇಲಿನ ಎರಡು "ಶಿ" ಆಗುತ್ತದೆ. ಚದರ ಮೀಟರಿನಲ್ಲಿ ಶಿವನ ಮೊದಲಕ್ಷರ ಕಂಡು ಲೇಖಕರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡದ್ದುಂಟು.

ನನ್ನ ವಿಧಾನ ಇಲ್ಲಿಂದ ಶುರುವಾಗುತ್ತದೆ. ಪರಿವರ್ತನೆಗೆ ಮುಂಚೆ, ಫಾಂಟಿನ ಮಾಹಿತಿ ಇನ್ನೂ ಉಳಿದಿರುವ ಮೂಲ ಕಡತದಲ್ಲೇ, ಇಂಗ್ಲಿಷ್ ಫಾಂಟಿನಲ್ಲಿರುವ 181ನ್ನೂ ಸಿಂಬಲ್ ಫಾಂಟಿನಲ್ಲಿರುವ ಎಮ್ ಅನ್ನೂ ಹುಡುಕಿ, ಅವುಗಳ ಜಾಗದಲ್ಲಿ ಪರಿವರ್ತಕ ಮುಟ್ಟದ ಒಂದು ಗುರುತನ್ನು ಹಾಕುತ್ತೇನೆ. ಯಾವ ಗುರುತು ಎಂಬುದನ್ನು ಹೇಳುವುದಿಲ್ಲ. ನಿಮ್ಮ ನಿಮ್ಮ ಪರಿವರ್ತಕವನ್ನು ಒಂದು ಸಂಜೆ ಪರೀಕ್ಷಿಸಿದರೆ ನಿಮಗೇ ಸಿಗುತ್ತದೆ. ಸಾದಾ ಪಠ್ಯವಾಗಿ ಬಂದ, ಫಾಂಟಿನ ಸುಳಿವೇ ಇಲ್ಲದ ಕಡತಗಳಿಗೆ ಇನ್ನೊಂದು ದಾರಿ ಇದೆ. ನಿಜವಾದ ಷಕಾರದ ಬೆನ್ನಿಗೆ ತಲೆಕಟ್ಟೋ ಸ್ವರಚಿಹ್ನೆಯ ತುಂಡೋ ಬಂದೇ ಬರುತ್ತದೆ, ಏಕಮಾನದ ಮ್ಯೂ ಬೆನ್ನಿಗೆ ಅದು ಬರುವುದಿಲ್ಲ, ಅದರ ಹಿಂದೆ ಬಹುಪಾಲು ಅಂಕಿ ಇರುತ್ತದೆ. ಈ ಒಂದು ಲಕ್ಷಣದಿಂದ ನೂರಕ್ಕೆ ತೊಂಬತ್ತೈದರಷ್ಟು ಬೇರ್ಪಡುತ್ತವೆ, ಉಳಿದವನ್ನು ಕಣ್ಣಿನಿಂದಲೇ ಹೆಕ್ಕಬೇಕು.

ಪರಿವರ್ತನೆ ಮುಗಿದ ಮೇಲೆ ಗುರುತಿನ ಜಾಗಕ್ಕೆ 181ನ್ನು ಹಿಂದಿರುಗಿಸುವುದಿಲ್ಲ, 956ನ್ನು ಕೊಡುತ್ತೇನೆ. ಯುನಿಕೋಡಿನಲ್ಲಿ ಹಳೆಯ ಪಟ್ಟಿಯೊಂದಿಗೆ ಹೊಂದಿಕೆಗಾಗಿ 181 ಹಾಗೆಯೇ ಉಳಿದಿದೆ, ಗ್ರೀಕ್ ವರ್ಣಮಾಲೆಯ ಸ್ವಂತ ಮ್ಯೂ 956ರಲ್ಲಿದೆ. ನೋಡಲು ಅವಳಿಗಳು, ಆದರೆ ಸಾಮಾನ್ಯ ಹುಡುಕಾಟದಲ್ಲಿ ಒಂದನ್ನು ಕೇಳಿದರೆ ಇನ್ನೊಂದು ಸಿಗದಿರಬಹುದು. ಯುನಿಕೋಡಿನವರೇ ಗ್ರೀಕ್ ಅಕ್ಷರಕ್ಕೆ ಆದ್ಯತೆ ಕೊಟ್ಟಿದ್ದಾರೆ. ಇದಕ್ಕೆ ಎದ್ದ ಆಕ್ಷೇಪವೂ ಸುಳ್ಳಲ್ಲ. ಹಲವು ಕನ್ನಡ ಫಾಂಟುಗಳಲ್ಲಿ ಇಂಗ್ಲಿಷಿನ ಜತೆಗೆ 181 ಇರುತ್ತದೆ, 956 ಇರುವುದಿಲ್ಲ, ಹಾಗಾಗಿ ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನಿನಲ್ಲಿ ಗುಲಾಬಿ ಬಣ್ಣದ ಚೌಕ ಕಾಣಿಸುತ್ತದೆ. ನನಗೆ ಆ ಗುಲಾಬಿ ಚೌಕವೇ ಬೇಕಾಗಿತ್ತು. ಕೆಟ್ಟದ್ದು ಕಣ್ಣಿಗೆ ಹೊಡೆಯಲಿ, ಸದ್ದಿಲ್ಲದೆ ಎಮ್ ಆಗುವುದು ಬೇಡ. ಪ್ಯಾರಾಗ್ರಾಫ್ ಸ್ಟೈಲಿನ ಒಳಗೆ ಗೊತ್ತುಮಾಡಿದ ಅಕ್ಷರವನ್ನು ಹುಡುಕಿ ರೂಪ ಬದಲಿಸುವ ಒಂದು ಗ್ರೆಪ್ ಸ್ಟೈಲ್ ಇಟ್ಟು, 956 ಎಲ್ಲಿ ಬಂದರೂ ಗ್ರೀಕ್ ಇರುವ ಫಾಂಟಿನ ಕ್ಯಾರೆಕ್ಟರ್ ಸ್ಟೈಲ್ ತಾನಾಗಿ ಹತ್ತುವಂತೆ ಮಾಡಿದೆ. ಟೈಪು ಮಾಡುವವರು ಮರೆತರೂ ಅದು ಮರೆಯುವುದಿಲ್ಲ. ಕನ್ನಡದ ಅಕ್ಷರಗಳು ಸರಿಯಾಗಿ ಕೂಡಿಕೊಳ್ಳಲು ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆ ಹಾಕಿರಬೇಕು ಎಂಬುದು ನಿಮಗೆ ಗೊತ್ತಿರುವ ಸಂಗತಿ.

ಅಕ್ಷರದ ಆಕಾರದ ಮೇಲೆ ಸ್ವಲ್ಪ ಕಾಲ ಕಳೆದೆ, ಅದಕ್ಕೆ ಕಾರಣವಿದೆ. ಮ್ಯೂವಿನ ಮೂಲ ಫಿನೀಷಿಯನ್ನರ ಮೇಮ್ ಎಂಬ ಅಕ್ಷರ. ನೀರಿನ ಅಲೆಯಂತೆ ಅಂಕುಡೊಂಕಾದ ಗೆರೆ, ಹೆಸರಿನ ಅರ್ಥವೂ ನೀರೇ. ಗ್ರೀಕರು ಅದನ್ನು ಪಡೆದು ತಮ್ಮ ಹನ್ನೆರಡನೆಯ ಅಕ್ಷರವಾಗಿಸಿದರು, ಅಕ್ಷರಗಳಿಂದ ಸಂಖ್ಯೆ ಬರೆಯುವಾಗ ಅದಕ್ಕೆ 40ರ ಬೆಲೆ ಕೊಟ್ಟರು. ಲ್ಯಾಟಿನ್ನಿನ ಎಮ್ ಹುಟ್ಟಿದ್ದೂ ಇದೇ ಬಳ್ಳಿಯಲ್ಲಿ. ಹಾಗಾಗಿ ದೊಡ್ಡಕ್ಷರದ ಮ್ಯೂ ಮತ್ತು ದೊಡ್ಡಕ್ಷರದ ಎಮ್ ಕಣ್ಣಿಗೆ ಒಂದೇ. ಕೋಷ್ಟಕದ ತಲೆಬರಹಕ್ಕೆ "ಆಲ್ ಕ್ಯಾಪ್ಸ್" ಇರುವ ಸ್ಟೈಲ್ ಹಾಕಿದರೆ ತಂತ್ರಾಂಶವು 956ನ್ನು ದೊಡ್ಡಕ್ಷರವಾದ 924ಕ್ಕೆ ಏರಿಸುತ್ತದೆ, ಮೈಕ್ರೋಗ್ರಾಂ ಮತ್ತೆ ಮಿಲಿಗ್ರಾಂ ಆಗಿ ಕಾಣಿಸುತ್ತದೆ. 181 ಹಾಕಿದರೂ ಏರುವುದು ಅಲ್ಲಿಗೇ. ಕನ್ನಡಕ್ಕೆ ದೊಡ್ಡಕ್ಷರ, ಸಣ್ಣಕ್ಷರ ಇಲ್ಲದಿರುವುದರಿಂದ ಕನ್ನಡ ಪುಟದ ಸ್ಟೈಲಿನಲ್ಲಿ ಆ ಆಯ್ಕೆ ಒತ್ತಿದ್ದೇ ಯಾರ ಗಮನಕ್ಕೂ ಬಂದಿರುವುದಿಲ್ಲ. ನನ್ನ ಕೋಷ್ಟಕ ಸ್ಟೈಲುಗಳಲ್ಲಿ ಅದನ್ನು ಪೂರ್ತಿ ತೆಗೆದುಹಾಕಿದ್ದೇನೆ.

ಬಾಲವಿರುವ ಸಣ್ಣ ಮ್ಯೂ ಬೈಜಾಂಟಿಯಮ್ ಕಾಲದ ಹಸ್ತಪ್ರತಿಕಾರರ ಓಟದ ಬರವಣಿಗೆಯಿಂದ ಬಂದದ್ದು. ಆ ಎಡಬಾಲ ನಮ್ಮ ಒತ್ತಕ್ಷರಗಳ ಪಾತಳಿಗೆ ಇಳಿಯುತ್ತದೆ. ಒಂಬತ್ತು ಪಾಯಿಂಟ್ ಅಕ್ಷರಕ್ಕೆ ಹನ್ನೊಂದು ಪಾಯಿಂಟ್ ಸಾಲಿನ ಅಂತರವಿಟ್ಟ ಕೋಷ್ಟಕದಲ್ಲಿ ಬಾಲದ ತುದಿ ಕೆಳಸಾಲಿನ ದೀರ್ಘದ ಗುಡಸಿಗೆ ತಾಗುತ್ತಿತ್ತು. ಮ್ಯೂವಿನ ಗಾತ್ರವನ್ನು ಸ್ವಲ್ಪ ಬದಲಿಸಿ, ಪಾತಳಿಯನ್ನು ಕೂದಲೆಳೆಯಷ್ಟು ಎತ್ತಿದೆ. ಎಷ್ಟು ಎಂಬ ಅಳತೆ ನನ್ನ ಬಳಿಯೇ ಇರಲಿ, ಅದಕ್ಕಾಗಿ ಬಹಳ ಕಾಗದ ಸುಟ್ಟಿದ್ದೇನೆ. ಪುಟ ನೋಡಿದವರಿಗೆ ಗ್ರೀಕ್ ಅಕ್ಷರ ಹೊರಗಿನಿಂದ ಬಂದದ್ದು ಎನಿಸುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಓರೆ ಮತ್ತು ನೇರ ರೂಪದ ಪ್ರಶ್ನೆ ಭೌತಶಾಸ್ತ್ರದ ಪುಸ್ತಕದಲ್ಲಿ ಎದುರಾಯಿತು. ಏಕಮಾನದ ಮೈಕ್ರೋ ಯಾವಾಗಲೂ ನೇರ. ಘರ್ಷಣಾಂಕ, ಕಾಂತೀಯ ಪಾರಗಮ್ಯತೆ, ಸರಾಸರಿಯಂಥ ಪರಿಮಾಣಗಳಿಗೆ ಬಳಸುವ ಮ್ಯೂ ಓರೆ. ಎಲೆಕ್ಟ್ರಾನಿನ ಜಾತಿಯದೇ ಆದ, ಅದಕ್ಕಿಂತ ಭಾರವಾದ ಮ್ಯೂಆನ್ ಕಣದ ಚಿಹ್ನೆ ಮತ್ತೆ ನೇರ. ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಮ್ಯೂಆನ್‌ಗಳ ಜಾಡು ಹಿಡಿದು 1965ರಲ್ಲಿ ವಾತಾವರಣದ ನ್ಯೂಟ್ರಿನೋ ಎಂಬ ಕಣಗಳನ್ನು ಗುರುತಿಸಿದ ಪ್ರಯೋಗದ ಬಗೆಗಿನ ಅಧ್ಯಾಯದಲ್ಲಿ ಮೂರೂ ಬಗೆಯವು ಒಂದೇ ಪುಟದಲ್ಲಿ ಬಂದವು. ಕನ್ನಡಕ್ಕೆ ಓರೆಯಾದ ರೂಪ ಚೆನ್ನಾಗಿ ಒಗ್ಗುವುದಿಲ್ಲವಾದ್ದರಿಂದ ಪುಟದಲ್ಲಿ ಓರೆಯಾಗಿರುವುದು ಪರಿಮಾಣಗಳು ಮಾತ್ರ. ಓದುಗರಿಗೆ ಅದೇ ಅನುಕೂಲವಾಯಿತು. ಅಂದಹಾಗೆ ಆ ಪುಸ್ತಕದ ಹಳೆಯ ಮುದ್ರಣದಲ್ಲಿ ನಿರ್ವಾತದ ಪಾರಗಮ್ಯತೆಯ ಬೆಲೆ "ಪೂರ್ಣ ನಿಖರ" ಎಂದಿತ್ತು. 2019ರಲ್ಲಿ ಏಕಮಾನಗಳ ವ್ಯಾಖ್ಯೆ ಬದಲಾದ ಮೇಲೆ ಅದು ಅಳೆದು ತಿಳಿಯಬೇಕಾದ ಬೆಲೆ. ಲೇಖಕರಿಗೆ ತೋರಿಸಿ ಸಾಲನ್ನು ಬದಲಿಸಿದೆವು.

ಹಳೆಯ ಹಸ್ತಪ್ರತಿಗಳಲ್ಲಿ ಮ್ಯೂ ಒಂಟಿಯಾಗಿ ಬರುವುದುಂಟು. ಪರಾಗದ ಕಣದ ಅಳತೆ 25 ಮ್ಯೂ ಎಂದಿದ್ದರೆ ಅದು 25 ಮೈಕ್ರಾನ್. ಈ ಬಳಕೆಗೆ 1879ರಲ್ಲಿ ಒಪ್ಪಿಗೆ ಸಿಕ್ಕಿತ್ತು, 1967ರಲ್ಲಿ ಅದನ್ನು ಕೈಬಿಟ್ಟು ಮೈಕ್ರೋಮೀಟರ್ ಎಂದೇ ಬರೆಯಬೇಕೆಂದಾಯಿತು. ಎಮ್ ಮತ್ತು ಮ್ಯೂ ಜೋಡಿಯಾಗಿ (mμ) ಬಂದರೆ ಅದು ಇಂದಿನ ನ್ಯಾನೋಮೀಟರ್. ಎಮ್ ಅನ್ನು ಹೆಚ್ಚುವರಿಯೆಂದು ಅಳಿಸಿದರೆ ಕೆಟ್ಟಿತು. ಮೈಕ್ರಾನ್ ಎಂಬ ಹೆಸರು ಮಾತ್ರ ನಮ್ಮಲ್ಲಿ ಪ್ಲಾಸ್ಟಿಕ್ ಚೀಲದ ನಿಯಮಗಳಿಂದಾಗಿ ಗಟ್ಟಿಯಾಗಿ ಉಳಿದಿದೆ, 2022ರ ಕೊನೆಯಿಂದ ಚೀಲದ ಕನಿಷ್ಠ ದಪ್ಪ 120 ಮೈಕ್ರಾನ್ ಎಂಬುದು ಬೀದಿ ವ್ಯಾಪಾರಿಗಳಿಗೂ ಗೊತ್ತು. ಕರಪತ್ರಗಳಲ್ಲಿ ಅದನ್ನು ನಾನು ತಿದ್ದಲು ಹೋಗುವುದಿಲ್ಲ. ರೇಡಿಯೋ ರಿಪೇರಿಯ ಹಳೆಯ ಪುಸ್ತಕವೊಂದನ್ನು ಸ್ಕ್ಯಾನ್ ಮಾಡಿ ಮರುಜೋಡಿಸುವಾಗ ಕೆಪಾಸಿಟರುಗಳ ಪಕ್ಕ "ಎಂಎಫ್‌ಡಿ" ಎಂದಿತ್ತು. ಆ ಕಾಲದಲ್ಲಿ ಅದರ ಅರ್ಥ ಮೈಕ್ರೋಫ್ಯಾರಡ್, ಮಿಲಿಫ್ಯಾರಡ್ ಅಲ್ಲ. ಅಲ್ಲಿ ಮ್ಯೂ ಇಲ್ಲದ ಕಡೆ ಮ್ಯೂ ಹಾಕಬೇಕಾಯಿತು. ಸ್ಕ್ಯಾನ್ ಓದುವ ತಂತ್ರಾಂಶವಂತೂ ಕಂಡ ಮ್ಯೂವನ್ನೆಲ್ಲ ಇಂಗ್ಲಿಷಿನ ಯು ಎಂದು ಓದಿತ್ತು. ಈ ಪ್ರಯೋಗದಲ್ಲಿ ದುಡ್ಡು ಹುಟ್ಟಲಿಲ್ಲ, ಆದರೆ ಹುಡುಕಾಟದ ಒಂದು ಒಳ್ಳೆಯ ಸೂತ್ರ ಸಿಕ್ಕಿತು.

ಪ್ಲೇಟಿಗೆ ಹೋಗುವ ಮುನ್ನ ಮಾಡುವ ಕೆಲಸ ಇಷ್ಟೇ. ಅಂತಿಮ ಪಿಡಿಎಫ್‌ನಿಂದ ಪಠ್ಯವನ್ನು ಹೊರತೆಗೆದು, ಮಿಲಿಗ್ರಾಂ, ಮೈಕ್ರೋಗ್ರಾಂ, ಮಿಲಿಮೀಟರ್, ಮೈಕ್ರೋಮೀಟರ್ ಬಂದ ಪ್ರತಿ ಜಾಗವನ್ನೂ ಹಿಂದಿನ ಅಂಕಿ ಮತ್ತು ಪುಟಸಂಖ್ಯೆಯ ಸಮೇತ ಪಟ್ಟಿ ಮಾಡುತ್ತೇನೆ. ಮೂಲ ಕಡತದಲ್ಲಿ ಎಣಿಸಿದ ಮ್ಯೂಗಳ ಲೆಕ್ಕವೂ ಇಲ್ಲಿನ ಲೆಕ್ಕವೂ ತಾಳೆಯಾಗಬೇಕು. ಲೇಖಕರು ಇಡೀ ಕರಡನ್ನು ಮತ್ತೊಮ್ಮೆ ಓದುವುದಿಲ್ಲ, ಆದರೆ ಎರಡು ಹಾಳೆಯ ಈ ಪಟ್ಟಿಯನ್ನು ಓದಿ ಸಹಿ ಹಾಕುತ್ತಾರೆ. ನೀರಿನ ಕೈಪಿಡಿಯ ಪಟ್ಟಿಯಲ್ಲಿ ಲೇಖಕರೇ ಹಸ್ತಪ್ರತಿಯಲ್ಲಿ ತಪ್ಪು ಬರೆದಿದ್ದ ಎರಡು ಮೂರು ಅಂಕಿಗಳು ಸಿಕ್ಕವು; ಆ ದಿನದಿಂದ ನನ್ನ ದರದ ಬಗ್ಗೆ ಅವರು ಚೌಕಾಸಿ ಮಾಡಿಲ್ಲ. ಕೋಷ್ಟಕದ ಪುಟಕ್ಕೆ ಈಗ ನೂರಿಪ್ಪತ್ತರ ಸುತ್ತ ಕೇಳುತ್ತೇನೆ, ಪಟ್ಟಿಗೆ ಬೇರೆ. ಇ-ಪುಸ್ತಕಕ್ಕಾದರೆ ಗ್ರೀಕ್ ಇರುವ ಫಾಂಟನ್ನು ಅಡಕ ಮಾಡಿ, ಅದರ ಪರವಾನಗಿ ನೋಡಿಕೊಂಡು, ಒಂದು ಹಳೆಯ ಮೊಬೈಲಿನಲ್ಲಿ ತೆರೆದು ನೋಡಿಯೇ ಕೊಡುತ್ತೇನೆ; ಆ ಕೆಲಸದ ದರವನ್ನು ಪುಸ್ತಕ ನೋಡದೆ ಹೇಳುವುದಿಲ್ಲ.